ಆ ಕಾರು ಕೆಡಿಸಿದ್ದು ನನ್ನ ತಂಗಿಯಲ್ಲ

ಕೊರೊನಾ ಹಾವಳಿ ಮುಗಿದು ಶಾಲೆ ಕಾಲೇಜುಗಳು ಮೊದಲಿನಂತೆ ನಡೆಯತೊಡಗಿದ ವರ್ಷ ಅದು. ಆ ವರ್ಷದ ಮಳೆಗಾಲದ ಒಂದು ರವಿವಾರ ಇಳಕಲ್ಲಿನ ನಮ್ಮ ಮನೆಯ ಮುಂದೆ ನಡೆದದ್ದನ್ನು ಇಲ್ಲಿ ಹೇಳುತ್ತೇನೆ. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು, ಕಲ್ಲಿನ ಕ್ವಾರಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದವನು. ಬರೆಯುವುದು ನನ್ನ ಕೆಲಸವಲ್ಲ. ಸಿಟ್ಟು ಬಂದಿದೆ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಅವ್ವನ ತಮ್ಮ, ಅಂದರೆ ನಮ್ಮ ಮಾಮಾ, ಗ್ರಾನೈಟ್ ವ್ಯವಹಾರದಲ್ಲಿ ಚೆನ್ನಾಗಿ ದುಡಿದಿದ್ದರು. ಮಕ್ಕಳಿರಲಿಲ್ಲ. ಒಳ್ಳೆಯ ದಿನಗಳಲ್ಲಿ ಒಂದು ಕರಿ ಬಣ್ಣದ ವಿದೇಶಿ ಕಾರು ಕೊಂಡಿದ್ದರು. ನೆಲಕ್ಕೆ ತಾಗುವಷ್ಟು ತಗ್ಗು, ಒಳಗೆ ಕುಳಿತರೆ ಹೊರಗಿನ ಸದ್ದೇ ಕೇಳದು. ಆಮೇಲೆ ಅವರಿಗೆ ಮೂತ್ರಪಿಂಡದ ಕಾಯಿಲೆ ಬಂತು. ನನ್ನ ತಂಗಿ ರೇಣುಕಾ ಪಿಯುಸಿ ಮುಗಿಸಿ, ಒಂದು ವರ್ಷ ಓದು ಬದಿಗಿಟ್ಟು, ಅವರ ಮನೆಯಲ್ಲೇ ಇದ್ದು ನೋಡಿಕೊಂಡಳು. ಮಾಮಾ ಪಕ್ಕದಲ್ಲಿ ಕುಳಿತು ಅವಳಿಗೆ ಅದೇ ಕಾರಿನಲ್ಲಿ ಡ್ರೈವಿಂಗ್ ಕಲಿಸಿದರು, ಲೈಸೆನ್ಸ್ ಮಾಡಿಸಿದರು. ರೇಣುಕಾ ಗಿಡ್ಡ ಹುಡುಗಿ. ಡ್ರೈವರ್ ಸೀಟನ್ನು ಪೂರ್ತಿ ಮುಂದೆ ಎಳೆದು, ಕೆಳಗೆ ಕಂಬಳಿ ಮಡಚಿ ಹಾಕಿಕೊಂಡು, ಮಾಮಾನನ್ನು ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋಗಿ ಬರುತ್ತಿದ್ದಳು. ಒಂದು ಗೀರು ಕೂಡ ಬಿದ್ದಿರಲಿಲ್ಲ.

ತೀರಿಕೊಳ್ಳುವ ಮುಂಚೆ ಮಾಮಾ ಕಾರನ್ನು ಅವಳ ಹೆಸರಿಗೆ ಮಾಡಿಸಿ, ನಮ್ಮೆಲ್ಲರ ಮುಂದೆ ಹೇಳಿದರು: "ರೇಣು, ಈ ಗಾಡಿ ನಿಂದು. ಇಟ್ಕೊಂಡ್ರೂ ನಿಂದ, ಮಾರಿದ್ರೂ ನಿಂದ. ಇವ್ರನ್ನ ಕೇಳಬ್ಯಾಡ."

ಅವರು ಹೋದ ಮೇಲೆ ಕಾರು ನಮ್ಮ ಮನೆಗೆ ಬಂತು. ನಮಗೆ ಅಪ್ಪ ಇಲ್ಲ, ದೊಡ್ಡಪ್ಪನೇ ಹಿರಿಯ. ಕಾರಿನ ಮೂಗಿಗೆ ಅರಿಶಿನದ ಭಂಡಾರ ಹಚ್ಚಿ, ಚಾವಿಯನ್ನು ದೇವರ ಕೋಣೆಯಲ್ಲಿ ಮನೆದೇವರು ಬೀರಪ್ಪನ ಫೋಟೋದ ಕೆಳಗಿನ ಮೊಳೆಗೆ ತೂಗುಹಾಕಿದ. ನಮ್ಮ ಮನೆಯಲ್ಲಿ ಬೆಲೆಬಾಳುವ ಯಾವುದೇ ವಸ್ತುವಿನ ಚಾವಿ ಅಲ್ಲಿಗೇ ಹೋಗುತ್ತದೆ. ಒಮ್ಮೆ ಹೋದ ಮೇಲೆ ಹೆಣ್ಣುಮಕ್ಕಳು ಹಿರಿಯರನ್ನು ಕೇಳಿಯೇ ತೆಗೆಯಬೇಕು. ಗಂಡಸರು ಕೈ ಚಾಚಿ ತೆಗೆದುಕೊಳ್ಳುತ್ತೇವೆ. ಹೆಸರು ಅವಳದು, ಕೈ ನಮ್ಮದು. ಆಗ ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ.

ಅದೇ ಹೊತ್ತಿಗೆ ರೇಣುಕಾಗೆ ಬಾಗಲಕೋಟೆಯಲ್ಲಿ ಹಲ್ಲಿನ ಡಾಕ್ಟರ್ ಓದಿಗೆ ಪ್ರವೇಶ ಸಿಕ್ಕಿತು. ಫೀ ನಮ್ಮ ಕೈಲಾಗುವ ಮಾತಲ್ಲ. ಕಾರು ಮಾರಿದರೆ ಆಗುತ್ತಿತ್ತು. ಅವಳು ಇದನ್ನು ಹೇಳಿದ್ದೇ ತಡ, ಮನೆಯಲ್ಲಿ ಸಭೆಯೇ ಕೂತಿತು.

"ಸತ್ತಾವನ ನೆನಪು ಮಾರತೀಯೇನು?" ಎಂದ ದೊಡ್ಡಪ್ಪ.

"ಮಾಮಾನೇ ಮಾರಿದ್ರೂ ನಿಂದ ಅಂದಾನ್ರಿ," ಎಂದಳು ಇವಳು.

"ಅಂವ ಜಡ್ಡಿನ್ಯಾಗ ಏನರ ಅಂದಿರ್ತಾನ." ಇದು ನಮ್ಮ ಕಾಕಾ. "ನೋಡವಾ, ನಾಳಿ ವರ ಬಂದಾಗ ಬಾಗಲಾ ಮುಂದ ಈ ಗಾಡಿ ನಿಂತಿತ್ತಂದ್ರ ಮಾತ ಬ್ಯಾರೆ."

"ಅವ್ರು ನನ್ನ ನೋಡಾಕ ಬರತಾರೋ, ಗಾಡಿ ನೋಡಾಕ ಬರತಾರೋ, ಕಾಕಾ?"

"ಎರಡೂ ನೋಡತಾರ ಬಿಡು. ಗಾಡಿ ಮೊದ್ಲ ನೋಡತಾರ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಖರೆ ಹೇಳಬೇಕೆಂದರೆ ನನಗೂ ಕಾರು ಮಾರುವುದು ಬೇಡವಾಗಿತ್ತು. ಅದನ್ನು ಓಡಿಸಿಕೊಂಡು ಹೋದರೆ ಬಸ್ ಸ್ಟ್ಯಾಂಡ್ ಹತ್ತಿರ ಚಹಾ ಅಂಗಡಿಯವರು ಎದ್ದು ನಮಸ್ಕಾರ ಮಾಡುತ್ತಿದ್ದರು. ಟಿಪ್ಪರಿನಿಂದ ಇಳಿದವನಿಗೆ ಯಾರು ನಮಸ್ಕಾರ ಮಾಡುತ್ತಾರೆ? "ಗಾಡಿ ಇರ್ಲಿ, ಓದು ಮುಂದಿನ ವರ್ಷ ನೋಡೂಣು" ಎಂದುಬಿಟ್ಟೆ. ರೇಣುಕಾ ಅತ್ತು ಒಳಗೆ ಹೋಗುತ್ತಾಳೆ ಅಂದುಕೊಂಡಿದ್ದೆವು. ಅಳಲಿಲ್ಲ. ಹುಬ್ಬಳ್ಳಿಯಲ್ಲಿ ಹಳೆಯ ದೊಡ್ಡ ಕಾರುಗಳನ್ನು ಕೊಳ್ಳುವ ಸಾಹೇಬರೊಬ್ಬರನ್ನು ತಾನೇ ಫೋನಿನಲ್ಲಿ ಹುಡುಕಿದಳು, ಬೆಲೆ ಮಾತಾಡಿದಳು, ರವಿವಾರ ಬಂದು ಗಾಡಿ ಒಯ್ಯಿರಿ ಎಂದಳು. ಸೋಮವಾರ ಫೀ ಕಟ್ಟಲು ಕಡೆಯ ದಿನ. ಕಾಗದದಲ್ಲಿ ಅವಳ ಹೆಸರೇ ಇದ್ದುದರಿಂದ ದೊಡ್ಡಪ್ಪ ಹಲ್ಲು ಕಡಿಯುವುದು ಬಿಟ್ಟು ಬೇರೇನೂ ಮಾಡುವಂತಿರಲಿಲ್ಲ. ಶುಕ್ರವಾರ ಅವಳು ಕಾರನ್ನು ವಾಷಿಂಗಿಗೆ ಒಯ್ದು, ಹೊಳೆಯುವಂತೆ ತೊಳೆಸಿ ತಂದು, ಶೆಡ್ಡಿನಲ್ಲಿ ನಿಲ್ಲಿಸಿದಳು.

ಶನಿವಾರ ಮನೆಯವರೆಲ್ಲ ಶಿವಯೋಗ ಮಂದಿರದ ಕಡೆ ಒಬ್ಬ ಬಸುರಿ ಸಂಬಂಧಿಕಳ ಕುಬುಸದ ಕಾರ್ಯಕ್ಕೆ ಹೋದರು. ನಾನು ಕೆಲಸವಿದೆ ಎಂದು ಉಳಿದೆ. ಕೆಲಸವಿರಲಿಲ್ಲ. ಬೀರಪ್ಪನ ಫೋಟೋದ ಕೆಳಗಿಂದ ಚಾವಿ ತೆಗೆದುಕೊಂಡೆ. ಕೊನೆಯ ಸಲ ಒಂದು ಸುತ್ತು, ಅಷ್ಟೇ ಎಂದುಕೊಂಡೆ. ಸೀಟು ಹಿಂದಕ್ಕೆ ಸರಿಸಿದೆ. ಅವಳ ಕಂಬಳಿಯನ್ನು ಹಿಂದೆ ಎಸೆದೆ.

ನೇರ ಕ್ವಾರಿಗೆ ಹೋದೆ. ಜೊತೆಯವರಿಗೆ ತೋರಿಸಬೇಕಲ್ಲ! ಎಲ್ಲರೂ ಸುತ್ತ ನೆರೆದರು. "ಏನ್ಲೇ ಮಾಳ್ಯಾ, ಸಾವ್ಕಾರ ಆದಿ!" ಎಂದರು. ಟ್ರ್ಯಾಕ್ಟರ್ ಓಡಿಸುವ ನನ್ನ ದೋಸ್ತ ರಾಜೇಸಾಬ ತಮಾಷೆಗೆ, "ನಮ್ಮ ಹೊಸ್ತಿಲಕ್ಕ ಎರಡ ಕಲ್ಲ ತಗದಿಟ್ಟೇನಿ. ನಿನ್ನ ಈ ಹೆಲಿಕಾಪ್ಟರ್‌ನ್ಯಾಗ ಒಯ್ಯೂಣೇನು?" ಎಂದ. ಅವನು ನಗಲೆಂದು ಅಂದದ್ದು. ನಾನು ಡಿಕ್ಕಿ ತೆಗೆದು, "ಹಾಕಲೇ" ಎಂದೆ. ಜೀವಮಾನವೆಲ್ಲ ಕಲ್ಲು ಹೇರಿದವನಿಗೆ ಗಾಡಿ ಎಂದರೆ ಕಲ್ಲು ಹೇರುವುದೇ. ಎರಡು ದಪ್ಪ ಕೆಂಪು ಕಲ್ಲು ಬಿದ್ದ ಕೂಡಲೇ ಕಾರಿನ ಹಿಂಭಾಗ ಕುಸಿದು ಕೂತಿತು.

ಕ್ವಾರಿಯ ದಾರಿ ಟಿಪ್ಪರಿಗೆ ಮಾಡಿದ್ದು, ನಡುವೆ ಚಕ್ಕೆ ಕಲ್ಲುಗಳ ದಿಬ್ಬ. ಒಂದು ಕಡೆ ಕೆಳಗೆ 'ಧಡ್' ಎಂದಿತು. ನಮ್ಮ ಟಿಪ್ಪರಿಗೆ ದಿನಕ್ಕೆ ಹತ್ತು ಸಲ ಹಾಗೆ ಬಡಿಯುತ್ತದೆ, ಯಾರೂ ಇಳಿದು ನೋಡುವುದಿಲ್ಲ. ನಾನೂ ಇಳಿಯಲಿಲ್ಲ. ಡಾಂಬರು ರಸ್ತೆಗೆ ಬಂದ ಮೇಲೆ ಮುಂದಿನ ಪರದೆಯ ಮೇಲೆ ಕೆಂಪು ದೀಪ ಹತ್ತಿ, ಇಂಗ್ಲಿಷಿನಲ್ಲಿ ಏನೋ ಬಂತು. ಅಕ್ಷರ ಕೂಡಿಸಿ ಓದಲು ನನಗೆ ಬರುತ್ತದೆ, ತಡವಾಗುತ್ತದೆ. ಗಾಡಿ ನಿಲ್ಲಿಸಿದ್ದರೆ ಓದಬಹುದಿತ್ತು. ನಿಲ್ಲಿಸಲಿಲ್ಲ. ನಮ್ಮ ಟಿಪ್ಪರಿನಲ್ಲಿ ಕೆಂಪು ದೀಪ ಉರಿಯದ ದಿನವೇ ಇಲ್ಲ. ಕಾರು ಟಿಣ್ ಟಿಣ್ ಎಂದು ಕೂಗತೊಡಗಿತು. ಅದು ಕೇಳಬಾರದೆಂದು ಹಾಡಿನ ಸದ್ದು ಜೋರು ಮಾಡಿದೆ. ರಾಜೇಸಾಬ ಪಕ್ಕದಲ್ಲೇ ಇದ್ದ. "ನಿಂದ್ರಸಿ ನೋಡಲೇ" ಎಂದ. "ನನಗ ಗಾಡಿ ಕಲಸ್ತೀಯಾ?" ಎಂದೆ.

ಊರು ಸಮೀಪಿಸುವಾಗ ಇಂಜಿನ್ ಒಮ್ಮೆ ಕಿರುಚಿ ನಿಂತಿತು. ಮತ್ತೆ ಚಾಲೂ ಆಗಲಿಲ್ಲ.

ರಾಜೇಸಾಬ ಹೋಗಿ ತನ್ನ ಟ್ರ್ಯಾಕ್ಟರ್ ತಂದ. ಕಲ್ಲುಗಳನ್ನು ಅದಕ್ಕೆ ಹೇರಿ, ಕಾರಿಗೆ ಹಗ್ಗ ಕಟ್ಟಿ ಎಳೆದು ತಂದೆವು. ಮನೆಯವರು ಬರುವ ಮುಂಚೆ ಶೆಡ್ಡಿಗೆ ನೂಕಿ, ಮೇಲೆ ತಾಡಪತ್ರಿ ಹೊದಿಸಿ, ಚಾವಿ ಮೊಳೆಗೆ ಹಾಕಿದೆ. "ಮನ್ಯಾಗ ಹೇಳಿಬಿಡು" ಎಂದ ರಾಜೇಸಾಬ. "ನೀ ಬಾಯಿ ಮುಚ್ಕೊಂಡಿರು, ಸಾಕು" ಎಂದೆ. ಅವನು ಬಾಯಿ ಮುಚ್ಚಿಕೊಂಡೇ ಇದ್ದ. ಆದರೆ ಅಂದಿನಿಂದ ನಮ್ಮ ಮನೆಗೆ ಬರುವುದನ್ನೂ ಬಿಟ್ಟ. ಕುಬುಸದಿಂದ ಬಂದ ರೇಣುಕಾ ನನಗಾಗಿ ಹೋಳಿಗೆ ಕಟ್ಟಿಸಿಕೊಂಡು ಬಂದಿದ್ದಳು. ತಿಂದೆ. ಆಗಲೂ ಹೇಳಲಿಲ್ಲ.

ಮರುದಿನ ಸಾಹೇಬರು ಒಬ್ಬ ಮೆಕ್ಯಾನಿಕ್ಕನನ್ನು ಕರೆದುಕೊಂಡು ಬಂದರು. ದೊಡ್ಡಪ್ಪ, ಕಾಕಾ, ಓಣಿಯ ನಾಲ್ಕು ಜನ ಸೇರಿದ್ದರು. ತಾಡಪತ್ರಿ ಸರಿಸಿದರು. ಗುಂಡಿ ಒತ್ತಿದರೆ ಟಕ್ ಎಂದಿತು, ಮತ್ತೇನೂ ಇಲ್ಲ. ಮೆಕ್ಯಾನಿಕ್ ಅಂಗಾತ ಮಲಗಿ ಕೆಳಗೆ ಹೋಗಿ ಬಂದ.

"ಚೇಂಬರ್ ಒಡದೈತ್ರಿ. ಆಯಿಲ್ ಎಲ್ಲಾ ಸೋರಿ ಹೋಗೇತಿ. ಹಂಗ ಓಡಿಸ್ಯಾರ, ಇಂಜಿನ್ ಜಾಮ್."

"ಯಾರ ಓಡ್ಸಿದ್ರು ಕೊನೀಗೆ?" ಎಂದ ದೊಡ್ಡಪ್ಪ.

"ಮೊನ್ನಿ ತೊಳಸಾಕ ರೇಣುಕಾ ಒಯ್ದಿದ್ಲಲ್ಲ," ಎಂದ ಕಾಕಾ.

"ನಾ ಸರಿಯಾಗೇ ತಂದ ನಿಂದ್ರಿಸೀನಿ," ಎನ್ನುತ್ತ ಅವಳು ಬಾಗಿಲು ತೆಗೆದು ಒಳಗೆ ಕುಳಿತಳು. ಕಾಲು ಪೆಡಲಿಗೆ ಮುಟ್ಟಲಿಲ್ಲ. ತಿರುಗಿ ಹಿಂದೆ ಬಿದ್ದ ಕಂಬಳಿ ನೋಡಿದಳು. ಇಳಿದು ಬಂದು, "ದೊಡ್ಡಪ್ಪಾ, ಸೀಟ್ ಹಿಂದ ಸರಿಸ್ಯಾರ ನೋಡ್ರಿ. ನಾ ಹಿಂಗ ಕುಂತರ ನನ್ನ ಕಾಲ ಎಟಕೂದಿಲ್ಲ," ಎಂದಳು.

"ಗಾಡಿ ಕೆಡಿಸಿ ಸೀಟಿನ ನೆವಾ ಹೇಳ್ತಿ? ಹೆಣ್ಣುಮಕ್ಕಳ ಕೈಯಾಗ ಸ್ಟೇರಿಂಗ್ ಕೊಟ್ರ ಹಿಂಗ!"

ಆಗ ಅವಳು ನನ್ನ ಕಡೆ ತಿರುಗಿದಳು. ಆ ಜನರಲ್ಲಿ ಅಷ್ಟು ಉದ್ದ ಕಾಲಿನವನು ನಾನೊಬ್ಬನೇ.

"ಅಣ್ಣಾ, ನೀ ಏನರ ಹೇಳೂದೈತೇನು?"

"ನನಗೇನ ಗೊತ್ತವಾ? ನಿನ್ನೆ ನಾ ಟಿಪ್ಪರ್ ಮ್ಯಾಲಿದ್ದೆ."

ಇಷ್ಟೇ ನಾನು ಮಾಡಿದ್ದು. ಕಾರು ಕೆಡಿಸಿದ್ದಕ್ಕಿಂತ ದೊಡ್ಡದು ಇದು. ಸಾಹೇಬರು ಗುಜರಿಗೆ ಕೊಡುವ ಬೆಲೆ ಹೇಳಿದರು. ದೊಡ್ಡಪ್ಪ, "ಬ್ಯಾಡ, ರಿಪೇರಿ ಮಾಡಿಸಿ ಇಟ್ಕೊಳೂಣು" ಎಂದ. ರೇಣುಕಾ ಅವನ ಮುಖವನ್ನೂ ನೋಡದೆ ಸಹಿ ಹಾಕಿ, ತನ್ನ ಕಂಬಳಿಯನ್ನಷ್ಟೇ ತೆಗೆದುಕೊಂಡು ಒಳಗೆ ಹೋದಳು. ಡಾಕ್ಟರ್ ಓದು ತಪ್ಪಿತು. ಬಂದ ಹಣದಲ್ಲಿ ನರ್ಸಿಂಗಿಗೆ ಸೇರಿದಳು. ಈಗ ಬಾಗಲಕೋಟೆಯ ಒಂದು ದವಾಖಾನೆಯಲ್ಲಿ ನರ್ಸ್. ಆಮೇಲೆ ವರ್ಷಗಟ್ಟಲೆ ಅವಳು ಯಾವ ಗಾಡಿಯ ಸ್ಟೇರಿಂಗನ್ನೂ ಮುಟ್ಟಲಿಲ್ಲ. ನನ್ನ ಜೊತೆ ಬೇಕಾದಷ್ಟೇ ಮಾತು.

ಈ ಬೇಸಿಗೆಯಲ್ಲಿ ಹುನಗುಂದದಲ್ಲಿ ನಮ್ಮ ಮನೆತನದ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಕುಳಿತಿದ್ದೆವು. ದೊಡ್ಡಪ್ಪನ ಮೊಮ್ಮಗಳು ಭಾಗ್ಯಾ, ಈಗಷ್ಟೇ ಕಾಲೇಜು ಸೇರಿದವಳು, "ಅಜ್ಜಾ, ನಾನೂ ಕಾರ್ ಕಲೀತೇನಿ" ಎಂದಳು.

"ಬ್ಯಾಡವಾ ತಾಯಿ. ನಮ್ಮ ಮನಿತನದಾಗ ಒಬ್ಬಾಕಿ ಕಲ್ತದ್ದ ಸಾಕು. ಅರಮನಿಯಂಥಾ ಗಾಡಿ ಗುಜರಿಗಿ ಹೋತು."

ಪಂಕ್ತಿಯೆಲ್ಲ ನಕ್ಕಿತು. ಪ್ರತಿ ಮದುವೆಯಲ್ಲೂ ಈ ಮಾತು ಬರುತ್ತದೆ, ಪ್ರತಿ ಸಲವೂ ನಗುತ್ತಾರೆ. ಎದುರು ಸಾಲಿನಲ್ಲಿದ್ದ ರೇಣುಕಾ ತಲೆ ಎತ್ತಲಿಲ್ಲ, ಅನ್ನ ಕಲಸುತ್ತಲೇ ಇದ್ದಳು. ಭಾಗ್ಯಾಳ ಮುಖ ಸಣ್ಣದಾಯಿತು. ನನ್ನ ಒಂದು ಸುಳ್ಳು ಈ ಮನೆತನದ ಹುಡುಗಿಯರಿಗೆಲ್ಲ ಕಾಯ್ದೆಯಾಗಿ ಹೋಗಿದೆ ಎಂದು ಆಗ ಹೊಳೆಯಿತು.

ನಮ್ಮಲ್ಲಿ ಪಂಕ್ತಿಯ ನಡುವೆ ಏಳುವುದು ದೊಡ್ಡ ಅಪಮಾನ. ಎದ್ದೆ. "ಆ ಗಾಡಿ ಕೆಡಿಸಿದಾಂವ ನಾನು!" ಎಂದೆ. ಕ್ವಾರಿ, ಕಲ್ಲು, ಕೆಂಪು ದೀಪ, ಟ್ರ್ಯಾಕ್ಟರು, ಎಲ್ಲ ಹೇಳಿದೆ. ಬೈಯುತ್ತಾರೆ, ಹೊಡೆಯಲು ಬರುತ್ತಾರೆ ಎಂದು ಗಟ್ಟಿಯಾಗಿ ನಿಂತಿದ್ದೆ.

ದೊಡ್ಡಪ್ಪ ಕೈಯಲ್ಲಿದ್ದ ತುತ್ತು ಬಾಯಿಗಿಟ್ಟು ನುಂಗಿದ. "ಹೋಗ್ಲಿ ಬಿಡಪಾ," ಎಂದ. "ಗಂಡಸ್ರು ಗಾಡಿ ಹೊಡಿಯೂ ಮುಂದ ಕೆಡ್ತಾವ. ಅದಕ್ಕ ಉಣ್ಣೂದು ಬಿಟ್ಟ ಏಳೂದೈತೇನು? ಕುಂದ್ರು. ಏ, ಇಂವಗೊಂದ ಹೋಳಿಗಿ ಹಾಕ್ರಿ."

ನನ್ನ ಎಲೆಗೆ ಹೋಳಿಗೆ ಬಿತ್ತು, ಮೇಲೆ ತುಪ್ಪ. ಕಾಕಾ ಸಾರು ಕೇಳಿದ. ಮಾತು ಬೇರೆ ಕಡೆ ಹೋಯಿತು.

ಅಷ್ಟು ವರ್ಷ ಒಬ್ಬ ಹುಡುಗಿಯನ್ನು ಕಂಡಲ್ಲೆಲ್ಲ ಚುಚ್ಚಿದ ತಪ್ಪು, ನನ್ನದೆಂದು ಗೊತ್ತಾದ ಮೇಲೆ ಒಂದು ತುತ್ತಿನಷ್ಟೂ ದೊಡ್ಡದಾಗಿ ಉಳಿಯಲಿಲ್ಲ! ಎಲೆಯನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ. ಆ ದಿನ ಶೆಡ್ಡಿನ ಮುಂದೆ ಹೇಳಿದ್ದರೂ ಇವರು ನನಗೆ ಹೀಗೇ ಅನ್ನುತ್ತಿದ್ದರು. ಹೇಳಿದ್ದರೆ ನನಗೆ ಹೋಗುವುದೇನೂ ಇರಲಿಲ್ಲ. ಏನೂ ಇಲ್ಲದ್ದಕ್ಕೆ ಹೆದರಿ ಅವಳನ್ನು ಮುಂದೆ ನೂಕಿದೆ.

ರೇಣುಕಾ ಹಿಂದೆಯೇ ಬಂದಳು, ಭಾಗ್ಯಾಳ ಕೈ ಹಿಡಿದುಕೊಂಡು. ನಾನು ಈಗ ಒಂದು ಹಳೆಯ ಪಿಕಪ್ ಇಟ್ಟುಕೊಂಡು ಕಲ್ಲು ಸಾಗಿಸುತ್ತೇನೆ. ಮದುವೆಗೆ ಅದರಲ್ಲೇ ಬಂದಿದ್ದೆವು.

"ಚಾವಿ ಕೊಡು," ಎಂದಳು.

ಕೊಟ್ಟೆ. ಸೀಟನ್ನು ಮುಂದೆ ಎಳೆದು, ಕೆಳಗೆ ನನ್ನ ಟವೆಲ್ ಮಡಚಿ ಹಾಕಿಕೊಂಡಳು. ನಡುವೆ ಕುಳಿತ ಭಾಗ್ಯಾ ಅವಳ ಕಾಲುಗಳನ್ನೇ ನೋಡುತ್ತಿದ್ದಳು. ಇಳಕಲ್ಲಿನ ರಸ್ತೆ ಹಿಡಿದ ಮೇಲೆ ನಾನು ಕೇಳಿದೆ: "ನನಗ ಗೊತ್ತೈತಿ, ನಿನಗ ಅವತ್ತ ಗೊತ್ತಾಗಿತ್ತು. ಮತ್ತ ನನ್ನ ಕೂಡ ಯಾಕ ಜಗಳಾ ಮಾಡ್ಲಿಲ್ಲ?"

"ಜಗಳಾ ಮಾಡಿದ್ರ ನೀ ಅತ್ತ, ಕಾಲ ಹಿಡದ, ಹಗರಾಗ್ತಿದ್ದಿ. ನನಗೇನ ಸಿಗ್ತಿತ್ತು?"

"ಈಗ ಎಲ್ಲಾರ ಮುಂದ ಹೇಳೀನಲ್ಲ."

"ಹೂಂ. ಹೋಳಿಗಿ ಹಾಕಿದ್ರು," ಎಂದಳು.

ಭಾಗ್ಯಾ ಕ್ಲಚ್ ಯಾವುದು ಎಂದು ಕೇಳಿದಳು, ಊರು ಬರುವವರೆಗೆ ರೇಣುಕಾ ಅವಳಿಗೆ ಅದನ್ನೇ ತೋರಿಸುತ್ತ ಬಂದಳು. ಮನೆ ಮುಂದೆ ಗಾಡಿ ನಿಲ್ಲಿಸಿ, ಇಳಿದು, ಚಾವಿಯನ್ನು ನನಗೂ ಕೊಡಲಿಲ್ಲ, ದೇವರ ಮೊಳೆಗೂ ಹಾಕಲಿಲ್ಲ. ಭಾಗ್ಯಾಳ ಕೈಯಲ್ಲಿಟ್ಟು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅದೇ ಓಣಿಯಲ್ಲಿರುವ ಆ ಹುಡುಗಿಯ ಮನೆಗೆ ಹೋಗಿ ಚಾವಿ ಕೇಳಿ ಇಸಿದುಕೊಂಡು ಬಂದು ಗಾಡಿ ಹತ್ತಿದೆ. ಮೊಣಕಾಲು ಸ್ಟೇರಿಂಗಿಗೆ ಬಡಿಯಿತು. ಸೀಟು ಸರಿಸಲು ಕೆಳಗೆ ಕೈ ಹಾಕಿದೆ. ಅವತ್ತು ಕಾರಿನಲ್ಲಿ ಅವಳ ಸೀಟು ಸರಿಸಿದ್ದೂ ಇದೇ ಕೈ. ಕೈ ಮುಂದೆ ಹೋಗಲಿಲ್ಲ. ಮೊಣಕಾಲು ಎರಡೂ ಕಡೆ ಅಗಲಿಸಿಕೊಂಡು, ಬಾಗಿ, ಹಾಗೇ ಕ್ವಾರಿಯ ತನಕ ಓಡಿಸಿಕೊಂಡು ಹೋದೆ. ನೋಡಿದವರು ನಕ್ಕರು. ನಗಲಿ.