ಏಳು ಗಂಟೆಯ ಬಸ್ಸಿನ ಎಂಟು ನಿಮಿಷ

ಸಾರ್ವಜನಿಕ ಜೀವನದಲ್ಲಿ ನಾನು ಒಂದೇ ಒಂದು ಸುಧಾರಣೆ ಮಾಡಿದ್ದೇನೆ. ಅದು ಒಂಬತ್ತು ದಿನ ಬಾಳಿತು. ಹತ್ತನೆಯ ದಿನ ಅದನ್ನು ಕೆಡಿಸಿದವನೂ ನಾನೇ ಆದ್ದರಿಂದ ಬೇರೆ ಯಾರನ್ನೂ ದೂರುವ ಅನುಕೂಲ ನನಗಿಲ್ಲ.

ಮೂವತ್ತಾರು ವರ್ಷ ನಾನು ರೈಲ್ವೆಯ ಕಂಟ್ರೋಲ್ ಆಫೀಸಿನಲ್ಲಿ ಕೂತವನು. ಯಾವ ಗಾಡಿ ಯಾವ ಸ್ಟೇಶನ್ನನ್ನು ಎಷ್ಟು ಹೊತ್ತಿಗೆ ದಾಟಿತು ಎಂದು ಫೋನಿನಲ್ಲಿ ಕೇಳಿಕೊಂಡು ದೊಡ್ಡ ಹಾಳೆಯ ಮೇಲೆ ಗೆರೆ ಎಳೆಯುವುದು ನನ್ನ ಕೆಲಸ. ನಿವೃತ್ತನಾದ ಮೇಲೆ ಗಾಡಿಗಳು ಹೋದವು, ಗೆರೆ ಎಳೆಯುವ ಕೈ ಉಳಿಯಿತು. ಐದಕ್ಕೆ ಏಳುವುದು, ಐದೂ ಇಪ್ಪತ್ತಕ್ಕೆ ಚಹಾ, ಆರಕ್ಕೆ ಸ್ನಾನ, ಆರೂವರೆಗೆ ಉಪ್ಪಿಟ್ಟು. ಉಪ್ಪಿಟ್ಟು ಆರೂ ಮೂವತ್ತೈದಕ್ಕೆ ಬಂದರೆ ನಾನು ಏನೂ ಅನ್ನುವುದಿಲ್ಲ. ಗೋಡೆಯ ಗಡಿಯಾರದ ಕಡೆ ಒಮ್ಮೆ ನೋಡುತ್ತೇನೆ, ಅಷ್ಟೆ. "ಅದೇನು ಗ್ವಾಡಿ ಮ್ಯಾಲಿಂದ ಇಳದು ಬಂದು ಉಪ್ಪಿಟ್ಟು ಮಾಡತೈತೇನ್ರಿ?" ಎಂದು ನನ್ನ ಹೆಂಡತಿ ಇಂದಿರಾ ಕೇಳುತ್ತಾಳೆ. ನಾವಿಬ್ಬರೂ ಸುರಪುರದ ಕಡೆಯವರು. ಹೈದರಾಬಾದಿಗೆ ಬಂದು ನಲವತ್ತು ವರ್ಷವಾಯಿತು. ಹೊರಗೆ ತೆಲುಗು, ಬಜಾರಿನಲ್ಲಿ ಹಿಂದಿ, ಜಗಳಕ್ಕೆ ಮಾತ್ರ ಊರಿನ ಮಾತು.

ನಾವಿರುವುದು ಮಲ್ಕಾಜ್‌ಗಿರಿಯಲ್ಲಿ, ಮಗಳು ಅಳಿಯ ಗಚ್ಚಿಬೌಲಿಯಲ್ಲಿ. ನಡುವೆ ಇಡೀ ನಗರ ಅಡ್ಡ ಮಲಗಿದೆ. ಕಂಪ್ಯೂಟರ್ ಕಂಪನಿಗಳು ಒಂದರ ಬೆನ್ನಿಗೆ ಒಂದು ಬಂದು, ಬಂಡೆ ಒಡೆದು ಗಾಜಿನ ಕಟ್ಟಡ ಏಳಿಸುತ್ತಿದ್ದ ವರ್ಷಗಳು ಅವು. ಮಗಳು ಅಳಿಯ ಎಂಟೂವರೆಗೆ ಕೆಲಸಕ್ಕೆ ಹೊರಡುತ್ತಾರೆ, ಮೊಮ್ಮಗಳ ಶಾಲೆಯ ವ್ಯಾನು ಬರುವುದು ಒಂಬತ್ತಕ್ಕೆ. ಆ ಅರ್ಧ ಗಂಟೆಗೆ ಮನೆಯಲ್ಲಿ ಒಬ್ಬ ಮನುಷ್ಯ ಬೇಕು. ಇಂದಿರೆಗೆ ಮೊಣಕಾಲು ನೋವು; ಆದ್ದರಿಂದ ಆ ಮನುಷ್ಯ ನಾನಾದೆ.

ಗಚ್ಚಿಬೌಲಿಯಲ್ಲಿ ಬಸ್ಸಿನಿಂದ ಇಳಿದು ನಡೆದುಕೊಂಡು ಬರುವವರನ್ನು ಜನ ಸ್ವಲ್ಪ ಕರುಣೆಯಿಂದ, ಸ್ವಲ್ಪ ಅನುಮಾನದಿಂದ ನೋಡುತ್ತಾರೆ. ಮೊದಲ ದಿನ ಅಪಾರ್ಟ್‌ಮೆಂಟಿನ ಕಾವಲುಗಾರ ರಿಜಿಸ್ಟರ್ ಮುಂದಿಟ್ಟ. ಹೆಸರು ಬರೆದೆ, ಫ್ಲ್ಯಾಟಿನ ನಂಬರ್ ಬರೆದೆ. ಮೂರನೆಯ ಕಾಲಂ ವಾಹನದ ನಂಬರ್. ಖಾಲಿ ಬಿಟ್ಟೆ. ಖಾಲಿ ಬಿಡುವ ಹಾಗಿಲ್ಲ ಎಂದ. ನಿಯಮವನ್ನು ಮೀರುವುದು ನನ್ನಿಂದಾಗದು. ಹಿಂದಕ್ಕೆ ಹೋಗಿ, ಸ್ಟಾಪಿನಲ್ಲಿ ಇನ್ನೂ ನಿಂತಿದ್ದ ಬಸ್ಸಿನ ನಂಬರ್ ಓದಿಕೊಂಡು ಬಂದು ಬರೆದೆ. ಆತನಿಗೆ ಸಮಾಧಾನವಾಯಿತು, ನನಗೆ ಅದೇ ದಿನನಿತ್ಯದ ಪದ್ಧತಿಯಾಯಿತು. ಈಗಲೂ ಆ ರಿಜಿಸ್ಟರ್ ತೆಗೆದು ನೋಡಿದವರು ಮಲ್ಕಾಜ್‌ಗಿರಿಯ ಯಾವನೋ ಮುದುಕ ದಿನಕ್ಕೊಂದು ಗಾಡಿ ಬದಲಾಯಿಸುವಷ್ಟು ಸಿರಿವಂತ ಎಂದುಕೊಂಡಾರು.

ನಮ್ಮ ಬಸ್ಸು ಹೊರಡುವುದು ಮಲ್ಕಾಜ್‌ಗಿರಿ ಸ್ಟೇಶನ್ನಿನ ಮುಂದಿನಿಂದ, ಏಳು ಗಂಟೆಗೆ. ನಾನು ಹತ್ತುವುದು ಎರಡನೆಯ ಸ್ಟಾಪಿನಲ್ಲಿ. ವೇಳಾಪಟ್ಟಿಯ ಬೋರ್ಡಿನ ಪ್ರಕಾರ ಅಲ್ಲಿಗೆ ಏಳೂ ಐದಕ್ಕೆ ಬರಬೇಕು. ಬರುತ್ತಿದ್ದುದು ಏಳೂ ಹದಿಮೂರಕ್ಕೆ. ಮೂರು ತಿಂಗಳು ಬರೆದಿಟ್ಟೆ. ಆಮೇಲೆ ಹಳೆಯ ಅಭ್ಯಾಸದಂತೆ ಹಾಳೆಯ ಮೇಲೆ ಎರಡು ಗೆರೆ ಎಳೆದೆ: ಕಪ್ಪು ಗೆರೆ ಬೋರ್ಡಿನ ಬಸ್ಸು, ಕೆಂಪು ಗೆರೆ ರಸ್ತೆಯ ಬಸ್ಸು. ಎರಡೂ ಒಂದೇ ಅಂತರದಲ್ಲಿ, ರೈಲಿನ ಹಳಿಗಳ ಹಾಗೆ ಸಾಗಿದ್ದವು. ದಿನವೂ ಎಂಟೇ ನಿಮಿಷ. ಸೋಮಾರಿತನಕ್ಕೆ ಇಷ್ಟು ಶಿಸ್ತು ಇರುವುದಿಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಗೆರೆ ಚೆನ್ನಾಗಿ ಬಂದಿತ್ತು. ಚೆನ್ನಾಗಿ ಬಂದ ಗೆರೆಯನ್ನು ಯಾರೂ ಅನುಮಾನಿಸುವುದಿಲ್ಲ.

ಒಂದು ಅರ್ಜಿ ಬರೆದು, ಹಾಳೆಯನ್ನು ಜೊತೆಗಿಟ್ಟು ಬಸ್ ಡಿಪೋಕ್ಕೆ ಒಯ್ದೆ. ಅಲ್ಲಿಯ ಅಧಿಕಾರಿ ನಕ್ಷೆಯನ್ನು ಒಮ್ಮೆ ನೆಟ್ಟಗೆ, ಒಮ್ಮೆ ಅಡ್ಡ ಹಿಡಿದು ನೋಡಿದರು. ಬಸ್ಸಿನ ಬಗ್ಗೆ ದೂರು ತಂದವರು ಬೈಯುತ್ತಾರೆ, ಕೆಲವರು ಅಳುತ್ತಾರೆ, ಹಾಳೆ ತಂದವರು ನೀವೇ ಮೊದಲಿಗರು ಎಂದು ತೆಲುಗಿನಲ್ಲಿ ಹೇಳಿದರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ಮುಂದಿನ ಸೋಮವಾರ ಬಸ್ಸು ನನ್ನ ಸ್ಟಾಪಿಗೆ ಏಳೂ ಐದಕ್ಕೆ ಬಂತು. ಹತ್ತಿದರೆ ಅರ್ಧ ಬಸ್ಸು ಖಾಲಿ. ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತು ಹೋದೆ. ಇದೂ ಸಮಯಪಾಲನೆಯ ಫಲವೇ ಎಂದು ತಿಳಿದು ಮನೆಗೆ ಬಂದು ಹೇಳಿದೆ.

ಇಂದಿರಾ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. "ಮಂದಿ ಎಲ್ಲಿ ಹ್ವಾದ್ರು?" ಎಂದಳು.

"ಯಾವ ಮಂದಿ?"

"ದಿನಾ ನಿಮ್ಮ ಕಾಲು ತುಳಿತಿದ್ರಲ್ಲ, ಆ ಮಂದಿ. ಮಂದಿನ್ನ ಬಿಟ್ಟು ಬಸ್ಸಷ್ಟ ಬಂದ್ರ ಅದೆಂಥಾ ಸುಧಾರಣಿರಿ?"

ಹೆಂಡತಿಯ ಪ್ರಶ್ನೆಗಳಲ್ಲಿ ಕೆಲವು ಉತ್ತರ ಬೇಡುವುದಿಲ್ಲ. ಇದು ಬೇಡುತ್ತಿತ್ತು, ನಾನು ಗೋಡೆಯ ಗಡಿಯಾರಕ್ಕೆ ಕೀಲಿ ಕೊಡಲು ಎದ್ದೆ.

ಕಾಲು ತುಳಿಯುತ್ತಿದ್ದವರಲ್ಲಿ ಒಬ್ಬಳು ಶರಣಮ್ಮ. ಲಿಂಗಸುಗೂರಿನ ಕಡೆಯವಳು. ಗಂಡ ಗಾರೆ ಕೆಲಸ, ಈಕೆ ಗಚ್ಚಿಬೌಲಿಯ ಒಂದು ಗಾಜಿನ ಕಟ್ಟಡದಲ್ಲಿ ನೆಲ ಒರೆಸುವ ಕೆಲಸ. ನಾನು ಕನ್ನಡದವನೆಂದು ತಿಳಿದ ದಿನದಿಂದ ಟೈಮು ಕೇಳುವಳು. ಏಳೂ ಹತ್ತೊಂಬತ್ತು ಎಂದರೆ, "ಹಂಗಂದ್ರ ಏಳೂಕಾಲೋ, ಏಳೂವರಿಯೋ? ಒಂದ ಕಡಿ ನಿಂದ್ರಿ ಯಜಮಾನ್ರ" ಎನ್ನುವಳು. ಆಕೆಯೂ, ಜೊತೆಯ ಹತ್ತು ಹನ್ನೆರಡು ಹೆಂಗಸರೂ ಆ ವಾರ ಕಾಣಲಿಲ್ಲ. ಊರಿಗೆ ಹೋಗಿರಬೇಕು, ಯಾವುದೋ ಹಬ್ಬ ಎಂದುಕೊಂಡೆ. ಪಂಚಾಂಗ ನೋಡಿದೆ. ಹಬ್ಬ ಇರಲಿಲ್ಲ.

ಒಂಬತ್ತನೆಯ ದಿನ ಮೊಮ್ಮಗಳಿಗೆ ಜ್ವರ. ಸಂಜೆಯವರೆಗೂ ಅಲ್ಲಿಯೇ ಉಳಿದು ಐದು ಗಂಟೆಯ ಬಸ್ಸಿಗೆ ಹೊರಟೆ. ಅದರಲ್ಲಿ ಶರಣಮ್ಮ ಇದ್ದಳು.

"ಎಲ್ಲಿ ಶರಣಮ್ಮ, ಮುಂಜಾನಿ ಕಾಣಾವಲ್ಲಿ?" ಎಂದೆ.

"ನಾವೆಲ್ಲಿ ಹೋಗೂಣ್ರಿ ಯಜಮಾನ್ರ. ಬಸ್ಸ ನಮ್ಮನ್ನ ಬಿಟ್ಟು ಓಡಾಕತ್ತೈತಿ. ನಾವು ಬೊಲ್ಲಾರಂ ಕಡಿಂದ ರೈಲಿಗೆ ಬರಾವ್ರು. ರೈಲು ಬರೂದ್ರಾಗ ಬಸ್ಸ ಹೋಗಿಬಿಟ್ಟಿರತೈತಿ. ಮದ್ಲ ನಿಂದರಸ್ತಿದ್ರು, ಪಾಪ. ಈಗ ಯಾವನೋ ಪುಣ್ಯಾತ್ಮ ಅರ್ಜಿ ಕೊಟ್ಟಾನಂತ್ರಿ. ಅವನ ಗಡ್ಯಾಳ ಹಳ್ಳಾ ಹಿಡೀಲಿ."

ನಾನು ಶರ್ಟಿನ ತೋಳನ್ನು ಗಡಿಯಾರ ಕಟ್ಟಿದ ಮಣಿಕಟ್ಟಿನ ಮೇಲೆ ಎಳೆದುಕೊಂಡೆ.

ಆ ಗಾಡಿ ನನಗೆ ಗೊತ್ತು. ಬೇರೆ ಯಾರಿಗೂ ಅಷ್ಟು ಗೊತ್ತಿರಲಾರದು. ಅದು ಸಿಕಂದರಾಬಾದಿಗೆ ಹೋಗದೆ ಕಾಚಿಗೂಡದ ಕಡೆಗೆ ತಿರುಗುತ್ತದೆ. ಆದ್ದರಿಂದ ಗಚ್ಚಿಬೌಲಿಗೆ ಹೋಗುವವರು ಮಲ್ಕಾಜ್‌ಗಿರಿಯಲ್ಲಿ ಇಳಿಯಲೇಬೇಕು. ಬರುವ ಸಮಯ ಏಳೂ ಎರಡು. ಮೇಲ್ಸೇತುವೆ ಹತ್ತಿ ಇಳಿದು ಹೊರಗೆ ಬರಲು ಆರು ನಿಮಿಷ. ಕೂಡಿಸಿದರೆ ಎಂಟು. ನನ್ನ ಕೆಂಪು ಗೆರೆಯ ಎಂಟು.

"ಹಾಜರಿ ಎಷ್ಟೊತ್ತಿಗೆ?" ಎಂದು ಕೇಳಿದೆ.

"ಎಂಟೂವರಿಗ್ರಿ. ಮುಂದಿನ ಬಸ್ಸಿಗೆ ಹ್ವಾದ್ರ ಒಂಬತ್ತ ದಾಟತೈತಿ. ಎಂಟು ಮಂದಿ ತುರುಕ್ಕೊಂಡು ಹೋಗಾಕ ಆಟೋ ಸಿಕ್ಕ ದಿನ ಹಾಜರಿ, ಸಿಗದ ದಿನ ಕೆಂಪು ಗೆರಿ. ನನಗ ಎರಡ ಬಿದ್ದಾವ. ನಾಳಿಗೆ ಇನ್ನೊಂದು ಬಿದ್ರ ಗೇಟಿನ ಪಾಸ ಕಸಗೊಂಡು ಕೆಲಸದಿಂದ ತಗೀತಾರ."

"ಅದರ ಹಿಂದಿನ ಗಾಡಿಗೆ ಬಂದ್ರ?"

"ಅದು ಐದಕ್ಕೈತ್ರಿ. ನಮ್ಮ ಕಡಿ ನೀರು ಬಿಡೂದು ಐದೂವರಿಗೆ. ಕೊಡ ತುಂಬಸಾಕ ನಿಮ್ಮನ್ನ ಕರೀಲೇನು?"

ಆಕೆ ನಕ್ಕಳು. ನಾನು ನಗಲಿಲ್ಲ, ನೀರಿನ ಸಮಯವನ್ನು ನಾನು ಯಾವ ಹಾಳೆಯ ಮೇಲೂ ಬರೆದಿರಲಿಲ್ಲ.

ರೈಲ್ವೆಯಲ್ಲಿ ಇದಕ್ಕೆ ಕನೆಕ್ಷನ್ ಎನ್ನುತ್ತಾರೆ. ಹಿಂದಿನ ಗಾಡಿಯ ಜನ ಬಂದು ಹತ್ತುವ ತನಕ ಮುಂದಿನ ಗಾಡಿಯನ್ನು ಹಿಡಿದು ನಿಲ್ಲಿಸುವುದು. ನಾನೇ ನೂರಾರು ಸಲ ಹೀಗೆ ಹಿಡಿದಿದ್ದೇನೆ, ಕಾರಣದ ಕಾಲಮ್ಮಿನಲ್ಲಿ ಬರೆದು ಸಹಿ ಮಾಡಿದ್ದೇನೆ. ಒಂದು ಬಸ್ಸಿನ ಕಂಡಕ್ಟರ್ ಯಾವ ಆದೇಶವೂ ಇಲ್ಲದೆ, ಸಹಿಯೂ ಇಲ್ಲದೆ ಅದನ್ನೇ ಮಾಡುತ್ತಿದ್ದ. ಸಹಿ ಇಲ್ಲದ್ದರಿಂದ ನನಗೆ ಅದು ಶಿಸ್ತಿಲ್ಲದ ಕೆಲಸವಾಗಿ ಕಂಡಿತು.

ನಮ್ಮ ಹಿರಿಯರು ಮದುವೆಗೆ ಗೋಧೂಳಿ ಲಗ್ನ ಇಡುತ್ತಿದ್ದರು. ಪಂಚಾಂಗದವರು ಅದಕ್ಕೂ ಗಳಿಗೆ ವಿಗಳಿಗೆಗಳ ಲೆಕ್ಕ ಹಾಕಿಟ್ಟಿದ್ದಾರೆ, ನಿಜ. ಆದರೆ ಆ ಮಾತನ್ನು ಹುಟ್ಟಿಸಿದವರ ಮನಸ್ಸಿನಲ್ಲಿದ್ದುದು ಲೆಕ್ಕವಲ್ಲ. ಮೇಯಲು ಹೋದ ದನಗಳು ಮನೆಗೆ ತಿರುಗಬೇಕು, ಅವುಗಳ ಗೊರಸಿನ ಧೂಳು ಏಳಬೇಕು, ಆಗ ಗೋಧೂಳಿ. ದನ ತಡವಾದರೆ ಗೋಧೂಳಿಗೆ ತಡವಾಯಿತು ಎಂದು ಅರ್ಥವಲ್ಲ. ಗೋಧೂಳಿ ಇನ್ನೂ ಆಗಿಲ್ಲ ಎಂದು ಅರ್ಥ. ಯಾರೋ ಬಂದು ಸೇರುವುದಕ್ಕೆ ಹೊತ್ತು ಎಂದು ಹೆಸರಿಟ್ಟವರು ನಾವು. ನಗರದ ಬಸ್ಸು ಸುಧಾರಿಸುವುದು ಹೇಗೆ ಎಂದು ಸಭೆ ನಡೆಸುವವರು ಇದನ್ನು ಯೋಚಿಸುವ ಅಗತ್ಯವಿಲ್ಲ. ಅವರು ಸಭೆಗೆ ಕಾರಿನಲ್ಲಿ ಬಂದಿರುತ್ತಾರೆ. ನಾನು ಬಸ್ಸಿನಲ್ಲಿಯೇ ಹೋಗುತ್ತ ಯೋಚಿಸಲಿಲ್ಲವಾದ್ದರಿಂದ ಅವರ ಮೇಲೆ ನಗುವ ಹಕ್ಕು ನನಗೆ ಅಷ್ಟಾಗಿ ಇಲ್ಲ.

ಮರುದಿನ ನನ್ನ ಸ್ಟಾಪಿಗೆ ಹೋಗದೆ ಸ್ಟೇಶನ್ನಿಗೆ ಹೋದೆ. ಕಂಡಕ್ಟರ್ ಯಾದಯ್ಯ ಬಾಗಿಲಲ್ಲಿ ನಿಂತಿದ್ದ. ಅರ್ಜಿ ಕೊಟ್ಟವರು ಯಾರೆಂದು ಡಿಪೋದಲ್ಲಿ ಅವನಿಗೆ ಹೇಳಿದ್ದರು. ಒಂಬತ್ತು ದಿನದಿಂದ ಅವನು ನನ್ನ ಮುಖ ನೋಡದೆ ಟಿಕೆಟು ಕೊಡುತ್ತಿದ್ದ. ಈ ಹೆಂಗಸರಿಗಾಗಿ ಸ್ವಲ್ಪ ನಿಲ್ಲಿಸಪ್ಪ ಎಂದು ಕೇಳಿದೆ. ಲಿಖಿತ ಆದೇಶ ಬಂದಿದೆ, ಒಂದು ನಿಮಿಷ ತಡವಾದರೂ ತನಗೆ ಮೆಮೊ ಕೊಡುತ್ತಾರೆ ಎಂದ. ಅವನು ಹೇಳಿದ್ದು ನ್ಯಾಯ. ಆ ಆದೇಶದ ತಂದೆ ನಾನೇ.

ಏಳು ಗಂಟೆ. ಯಾದಯ್ಯ ಸೀಟಿ ಬಾಯಿಗೆ ಇಟ್ಟ. ನಾನು ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟೆ, ಇನ್ನೊಂದನ್ನು ನೆಲದ ಮೇಲೆಯೇ ಬಿಟ್ಟೆ.

"ಚಢೋ ಸಾಬ್, ಟೈಮ್ ಹೋ ಗಯಾ." ಹತ್ತಿ, ಹೊತ್ತಾಯಿತು ಎಂದ.

"ಈ ಬಸ್ಸು ನಾರಾಯಣಗೂಡಕ್ಕೆ ಹೋಗುತ್ತದೆಯೇ?" ಎಂದು ಹಿಂದಿಯಲ್ಲಿ ಕೇಳಿದೆ.

ಒಂದು ವರ್ಷದಿಂದ ದಿನವೂ ನನಗೆ ಗಚ್ಚಿಬೌಲಿಯ ಟಿಕೆಟು ಹರಿದುಕೊಟ್ಟವನು ನನ್ನನ್ನು ದಿಟ್ಟಿಸಿ ನೋಡಿದ. ಹತ್ತಲು ಹೊರಟವನಂತೆ ಕಾಲೆತ್ತಿದೆ. ಮೊಣಕಾಲು ಹಿಡಿದುಕೊಂಡು "ಅಯ್ಯಪ್ಪಾ" ಎಂದೆ. ಇಂದಿರೆಯ ಮೊಣಕಾಲು ನೋವನ್ನು ಹತ್ತು ವರ್ಷ ಹತ್ತಿರದಿಂದ ನೋಡಿದವನಿಗೆ ನಟನೆ ಕಷ್ಟವಾಗಲಿಲ್ಲ. ಡ್ರೈವರ್ ಹಾರ್ನ್ ಹಾಕಿದ. ಒಳಗಿನಿಂದ ಯಾರೋ, "ಮುದುಕರಿಗೆ ಮನೆಯಲ್ಲಿ ಕೂತಿರೋಕೆ ಏನು ಕಷ್ಟ" ಎಂದು ತೆಲುಗಿನಲ್ಲಿ ಅಂದರು. ನಾನು ಅವರ ಮಾತಿಗೆ ಒಪ್ಪುವವನಂತೆ ತಲೆಯಾಡಿಸಿ, ಅಲ್ಲಿಯೇ ನಿಂತೆ.

ಅಷ್ಟರಲ್ಲಿ ಸ್ಟೇಶನ್ನಿನ ಕಡೆಯಿಂದ ಗಾಡಿಯ ಸೀಟಿ ಕೇಳಿಸಿತು. ಏಳೂ ಎರಡು. ಯಾದಯ್ಯ ತಲೆಯೆತ್ತಿ ಆ ಕಡೆ ನೋಡಿದ, ಆಮೇಲೆ ನನ್ನ ಮೊಣಕಾಲನ್ನು ನೋಡಿದ. ಬಾಯಿಂದ ಸೀಟಿ ತೆಗೆದು ಜೇಬಿಗೆ ಹಾಕಿದ.

"ಪಾಂವ್ ಮೇ ದರ್ದ್ ಹೈ ಕ್ಯಾ ಸಾಬ್?" ಎಂದು ಕಾಲುನೋವು ವಿಚಾರಿಸಿದ. ಒಂಬತ್ತು ದಿನದ ಮೇಲೆ ನನ್ನ ಮುಖ ನೋಡಿ ಆಡಿದ ಮೊದಲ ಕುಶಲದ ಮಾತು. "ಆರಾಮ್ ಸೇ ಚಢೋ. ಕೋಯಿ ಜಲ್ದೀ ನಹೀಂ." ಅವಸರವೇನೂ ಇಲ್ಲವಂತೆ.

ನಾನು ಆರಾಮವಾಗಿ ಆರು ನಿಮಿಷ ಹತ್ತಿದೆ. ಹೆಂಗಸರು ಓಡಿಬಂದು ಮುಂದಿನ ಬಾಗಿಲಿನಿಂದ ತುಂಬಿಕೊಂಡರು. ಶರಣಮ್ಮ ಅಲ್ಲಿಂದಲೇ, "ಯಾಕ್ರಿ ಯಜಮಾನ್ರ, ಕಾಲಿಗೇನಾತು?" ಎಂದು ಕೂಗಿದಳು. ಈಗ ಕಡಿಮೆಯಾಯಿತು ಎಂದೆ. ಆ ದಿನ ಆಕೆ ಎಂಟೂ ಹದಿನಾರಕ್ಕೆ ಗಚ್ಚಿಬೌಲಿಯಲ್ಲಿ ಇಳಿದಳು. ಮೂರನೆಯ ಗೆರೆ ಬೀಳಲಿಲ್ಲ.

ಅಂದೇ ಡಿಪೋಕ್ಕೆ ಎರಡನೆಯ ಅರ್ಜಿ ಕೊಟ್ಟೆ. ಅಧಿಕಾರಿ ಓದಿ ಕನ್ನಡಕ ತೆಗೆದರು. ಎಂಟು ನಿಮಿಷ ತಡವಾಗುತ್ತದೆ ಎಂದು ದೂರು ಕೊಟ್ಟವರೂ ನೀವೇ, ಈಗ ತಡವಾಗಿ ಬಿಡಿ ಎನ್ನುವವರೂ ನೀವೇ ಎಂದರು. ತಡವಾಗಿ ಬಿಡಬೇಡಿ, ಹತ್ತು ನಿಮಿಷ ಮುಂದೆ ಹಾಕಿ ಅದನ್ನೇ ಸರಿಯಾದ ಸಮಯ ಎಂದು ಬರೆಯಿರಿ ಎಂದೆ. ಆದೇಶ ಬರಲು ಎರಡು ವಾರ ಬೇಕಾಯಿತು. ಆ ಎರಡು ವಾರ ಪ್ರತಿದಿನ ಏಳು ಗಂಟೆಗೆ ಸರಿಯಾಗಿ ನನ್ನ ಮೊಣಕಾಲು ನೋಯುತ್ತಿತ್ತು. ಯಾದಯ್ಯ ಕಾಲು ಬದಲಾಯಿಸಲು ಹೇಳಿದ. ಎಡಗಾಲು, ಬಲಗಾಲು ಗೊಂದಲವಾದರೆ ಜನರಿಗೆ ಅನುಮಾನ ಬರುತ್ತದೆ ಎಂದು ನಾನು ಒಪ್ಪಲಿಲ್ಲ. ಕಡೆಗೆ ಬೋರ್ಡಿನ ಮೇಲೆ ಏಳೂ ಹತ್ತು ಎಂದು ಬಂತು. ನಾನು ಮಾತ್ರ ಆಮೇಲೂ ಸ್ಟೇಶನ್ನಿನಲ್ಲಿಯೇ ಹತ್ತುತ್ತಿದ್ದೆ.

ಅರ್ಜಿ ಕೊಟ್ಟವನನ್ನು ಶರಣಮ್ಮ ಈಗಲೂ ಆಗಾಗ ಶಪಿಸುತ್ತಾಳೆ, ಕಾಲು ನೋವಿನ ಮುದುಕನನ್ನು ಹರಸುತ್ತಾಳೆ. ಎರಡೂ ಒಂದೇ ವಿಳಾಸಕ್ಕೆ ಬರುತ್ತವೆ. ನಾನು ತಿದ್ದಲು ಹೋಗಿಲ್ಲ.

ಚಳಿಗಾಲದಲ್ಲಿ ಒಂದು ದಿನ ಮಂಜು ಬಿದ್ದು ರೈಲು ತಡವಾಯಿತು. ಏಳೂ ಹತ್ತಾಯಿತು, ಹನ್ನೆರಡಾಯಿತು. ಬೋರ್ಡು ಹೊರಡು ಎನ್ನುತ್ತಿತ್ತು. ಆದೇಶ ನನ್ನದೇ, ಎರಡು ಸಲ ಅರ್ಜಿ ಕೊಟ್ಟು ತರಿಸಿದ್ದು. ಯಾದಯ್ಯ ಒಳಗೆ ಕೂತ ನನ್ನ ಕಡೆ ನೋಡಿದ. ನಾನು ಕಿಟಕಿಯ ಹೊರಗೆ ನೋಡಿದೆ. ಅವನು ಇಳಿದುಹೋಗಿ ಒಂದು ಚಹಾ ಹೇಳಿದ. ಮುಂದಿನ ಸೀಟಿನವರು ಪೇಪರು ಬಿಡಿಸಿದರು. ಏಳೂ ಹದಿನಾರಕ್ಕೆ ಹೆಂಗಸರು ಬಂದರು. ಕೊನೆಯವಳಾಗಿ ಹತ್ತಿದ ಶರಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಸ್ವಂತ ಚಕ್ಕಡಿ ಹೂಡಿಸಿದವಳ ಹಾಗೆ, "ಹೂಂ, ನಡೀರಿನ್ನ" ಎಂದಳು. ಬಸ್ಸು ನಡೆಯಿತು. ಎಂಟೂ ಇಪ್ಪತ್ತನಾಲ್ಕಕ್ಕೆ ಇಳಿದು, ಹಾಜರಿಗೆ ಇನ್ನೂ ಆರು ನಿಮಿಷ ಇದೆಯೆಂದು ತಿಳಿದು ಅವರೆಲ್ಲ ಓಡದೆ ನಡೆದುಕೊಂಡೇ ಹೋದರು.

ನಾನು ಮಗಳ ಮನೆ ಮುಟ್ಟಿದಾಗ ಎಂಟೂ ಮೂವತ್ತೆರಡು. ಅವಳು ಕಾರಿನ ಕೀಲಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಬಸ್ಸು ತಡಾ ಆತೇನಪ್ಪಾ?" ಎಂದಳು.

"ಇಲ್ಲವ್ವ," ಎಂದೆ. "ಇವತ್ತ ಬರೋಬ್ಬರಿ ಟೈಮಿಗೇ ಬಿಡ್ತು."