ಸುಜಾತಾ ಟೀಚರ ಫೋನು ಕಂಡ ಹುಡುಗ

ದೇವದುರ್ಗದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ಸುಜಾತಾಗೆ ಸಣ್ಣಂದಿನಿಂದಲೂ ಸುಮ್ಮನೆ ಕೂತು ಗೊತ್ತಿಲ್ಲ. ಮೂರು ವರ್ಷದವಳಿದ್ದಾಗ ದಡಾರ ಬಂದು ಎರಡೂ ಕಣ್ಣು ಹೋದವು. ಅಂದಿನಿಂದ ಅವರೂರು ಮಸರಕಲ್ಲಿನ ಓಣಿಯಲ್ಲಿ ಅವಳ ಕೈ ಹೋಗದ ಜಾಗವೇ ಉಳಿಯಲಿಲ್ಲ. ಖಾರದಪುಡಿಯ ಡಬ್ಬಿ, ಎಮ್ಮೆಯ ಮೂಗು, ಹೊಲಿಗೆ ಮಿಷನ್ನಿನ ಗಾಲಿ, ಪಕ್ಕದ ಮನೆಯ ರೇಡಿಯೋದ ಬೆನ್ನು, ಎಲ್ಲವನ್ನೂ ಮುಟ್ಟಿ ತಡವಿ ನೋಡಿಯೇ ತೀರಬೇಕು. "ಇದರ ಕೈಗೊಂದು ಗಂಟಿ ಕಟ್ರಿ, ಎಲ್ಲಿ ಹೋಗ್ಯಾದ ಅಂತ ಆದ್ರೂ ಗೊತ್ತಾಗ್ತದ" ಎಂದು ತಾಯಿ ಯಮನಮ್ಮ ಬೈಯುತ್ತಿದ್ದಳು. ಆ ಕೈಯೇ ಮುಂದೆ ರಾಯಚೂರಿನಲ್ಲಿ ಬ್ರೈಲ್ ಕಲಿಯಿತು, ಬಿ.ಎಡ್. ಮುಗಿಸಿತು, ಸರಕಾರಿ ನೌಕರಿ ಹಿಡಿಯಿತು. ಈಗ ತಾಯಿ ಮಗಳು ಇಬ್ಬರೂ ದೇವದುರ್ಗದಲ್ಲೇ ಬಾಡಿಗೆ ಮನೆಯಲ್ಲಿದ್ದಾರೆ.

ಇಂಥವಳ ಫೋನು ಒಂದು ಶನಿವಾರ ಸಂಜೆ, ಹೊಸ ಸಾಫ್ಟ್‌ವೇರ್ ಬಂದಿದೆ, ಈಗ ಹಾಕಲೋ ಆಮೇಲೆ ಹಾಕಲೋ ಎಂದು ಕೇಳಿತು. ಶಾಲೆಯ ಉಳಿದ ಮೇಷ್ಟ್ರುಗಳು 'ಆಮೇಲೆ' ಒತ್ತುತ್ತಲೇ ದಿನ ದೂಡುತ್ತಿದ್ದರು. ಸುಜಾತಾ ಹಿಂದೆ ಮುಂದೆ ನೋಡದೆ 'ಈಗಲೇ' ಒತ್ತಿದಳು. ಹೊಸತರಲ್ಲಿ ಏನಿರಬಹುದು ಎಂಬ ಆಸೆ ಅವಳಿಗೆ.

ಅವಳದು ಮಾತಾಡುವ ಫೋನು. ತೆರೆಯ ಮೇಲೆ ಬೆರಳು ಸರಿದಂತೆ ಅಲ್ಲಿರುವುದನ್ನೆಲ್ಲ ಓದಿ ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆದುಕೊಳ್ಳುತ್ತದೆ. ವರ್ಷಗಟ್ಟಲೆ ಅದರಲ್ಲಿ ಒಂದೇ ದನಿ, ತುಸು ಮೂಗಿನಲ್ಲಿ ಮಾತಾಡುವ ಹೆಂಗಸಿನದು. ಅದನ್ನು ಅವಳು ಎಷ್ಟು ವೇಗಕ್ಕೆ ಇಟ್ಟುಕೊಂಡಿದ್ದಳೆಂದರೆ ಬೇರೆಯವರ ಕಿವಿಗೆ ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಕೇಳುತ್ತಿತ್ತು.

ಮರುದಿನ ಬೆಳಿಗ್ಗೆ ಫೋನು ಬಾಯಿ ಬಿಟ್ಟಾಗ ಆ ಹೆಂಗಸು ಇರಲಿಲ್ಲ. ಬದಲಿಗೆ ಒಬ್ಬ ಎಳೆಯ ಹುಡುಗಿ, ಟಿವಿಯಲ್ಲಿ ಸುದ್ದಿ ಓದುವವಳ ಹಾಗೆ, ಒಂದೊಂದೇ ಶಬ್ದ ಬಿಡಿಸಿ ಬಿಡಿಸಿ "ಶುಭೋದಯ, ಸುಜಾತಾ" ಅಂದಳು. ವೇಗ ಹೆಚ್ಚಿಸಲು ಹೋದರೆ ಆ ಗುಂಡಿ ಇದ್ದಲ್ಲಿ ಇಲ್ಲ. ಹಿಂದಕ್ಕೆ ಹೋಗುವ ಗುಂಡಿಯಂತೂ ಇಲ್ಲವೇ ಇಲ್ಲ, ಅಂಚಿನಿಂದ ಬೆರಳು ಎಳೆಯಬೇಕಂತೆ. ಅಷ್ಟರಲ್ಲಿ ಫೋನು ಬಂತು. ತಂಗಿಯ ಮನೆಗೆಂದು ಮಸರಕಲ್ಲಿಗೆ ಹೋಗಿದ್ದ ಯಮನಮ್ಮನದು. ಸುಜಾತಾ ಎಂದಿನಂತೆ ಎರಡು ಬೆರಳಿಂದ ತಟ್ಟಿದಳು. ಫೋನು ಕರೆ ಎತ್ತಿಕೊಳ್ಳಲಿಲ್ಲ. ಮತ್ತೆ ತಟ್ಟಿದಳು. ಫೋನು ಹೊಡಕೊಂಡು ಹೊಡಕೊಂಡು ಸುಮ್ಮನಾಯಿತು, ಪುನಃ ಹೊಡಕೊಂಡಿತು.

ಸ್ವಲ್ಪ ಹೊತ್ತಿಗೆ ಬಾಗಿಲು ದಬದಬ ಬಡಿದ ಸದ್ದು. ಎದುರುಮನೆಯ ಕಹಕಶಾನ್. ಅದೇ ಶಾಲೆಯಲ್ಲಿ ವಿಜ್ಞಾನದ ಟೀಚರು, ಸುಜಾತಾಳ ಜೀವದ ಗೆಳತಿ. ಹಿಟ್ಟು ನಾದುತ್ತಿದ್ದವಳು ಹಾಗೇ ಓಡಿ ಬಂದಿದ್ದಳು.

"ಫೋನ್ ಯಾಕ ಎತ್ತವಲ್ಲಿ? ನಿಮ್ಮವ್ವ ಅಲ್ಲಿ ಗಾಬರಿ ಬಿದ್ದು ನನಗ ಹಚ್ಯಾಳ. ನಿನಗೇನೋ ಆಗ್ಯಾದ ಅಂತ ನಾನೂ ಹೆದರಿಬಿಟ್ಟೆ!"

"ಎತ್ತಾಕ ಬರವಲ್ದು, ಕಹಕಶಾನ್. ಹೊಸಾದು ಹಾಕೀನಿ. ನಾವು ಮಲಗಿದಾಗ ಯಾರೋ ಬಂದು ಮನಿ ಸಾಮಾನೆಲ್ಲಾ ಜಾಗ ಬದಲಿ ಮಾಡಿ ಹೋದಂಗ ಆಗ್ಯಾದ."

ಕಣ್ಣಿಲ್ಲದವರಿಗೆ ಅದು ಎಂಥ ಕಷ್ಟ ಎಂದು ಕಹಕಶಾನ್‌ಗೆ ಬಿಡಿಸಿ ಹೇಳಬೇಕಿರಲಿಲ್ಲ. ತನ್ನ ಫೋನಿನಿಂದ ಯಮನಮ್ಮನಿಗೆ ಸಮಾಧಾನ ಹೇಳಿ, "ನಡಿ, ರಾಯಚೂರಿಗೆ ಹೋಗೋಣ" ಅಂದಳು.

ರಾಯಚೂರಿನ ತೀನ್ ಕಂದೀಲ್ ಸರ್ಕಲ್ ಹತ್ತಿರ ಖಲೀಲ್‌ನ ಮೊಬೈಲ್ ಅಂಗಡಿ. ಸುಜಾತಾಳ ಫೋನಿಗೆ ಮೊದಲಿಗೆ ಮಾತು ಕಲಿಸಿ ಕೊಟ್ಟವನು ಅವನೇ. ಅಂದು ಅಂಗಡಿಯಲ್ಲಿ ಜನವೋ ಜನ. ಅಕ್ಕಿ ಗಿರಣಿಯ ಸಾಹುಕಾರರೊಬ್ಬರು, "ಹೊಸಾದ್ರಾಗ ಗಡಿಯಾರ ಏನ್ ಇಷ್ಟು ದೊಡ್ಡದು ಮಾಡ್ಯಾರೋ ತಮ್ಮಾ, ಗೋಡಿಗೆ ಹಾಕಾದೇನು? ನನ್ನ ಫೋನು ನನಗ ಗುರುತು ಸಿಗವಲ್ದು" ಎಂದು ಜಗಳಕ್ಕೇ ನಿಂತಿದ್ದರು. ಕಾಲೇಜಿನ ಹುಡುಗಿಯೊಬ್ಬಳು ಬಣ್ಣ ಭಾಳ ಚಂದ ಆಗ್ಯಾವೆಂದೂ ಚಾರ್ಜು ಮಾತ್ರ ಬೇಗ ಇಳಿಯುತ್ತದೆಂದೂ ಹೇಳುತ್ತಿದ್ದಳು.

"ಈ ವಾರ ಪೂರಾ ಇದೇ ಪಂಚಾಯ್ತಿ ನೋಡ್ರಿ ಟೀಚರ್" ಅಂದ ಖಲೀಲ್. "ನಿಮ್ಮದೇನು ತಕರಾರು?"

"ನನಗ ಹಳೇದ ಬೇಕ್ರಿ. ಹಿಂದಕ್ಕ ಒಯ್ರಿ ಇದನ್ನ."

"ಒಯ್ಯಬಹುದ್ರಿ. ಆದ್ರ ಒಳಗಿಂದೆಲ್ಲಾ ಸಾಫ್ ಆಗ್ತದ. ನನ್ನ ಮಾತು ಕೇಳ್ರಿ, ಹಳೀ ದನಿ ಒಂದನ್ನ ಇಳಿಸಿ ಕೊಡ್ತೀನಿ. ಫೋನ್ ಎತ್ತೋದು ಮಾತ್ರ ಹೊಸಾ ರೀತಿ ಕಲೀಬೇಕು. ಬರ್ರಿ, ಕೂಡ್ರಿ ಇಲ್ಲಿ."

ಮೂಗಿನ ಹೆಂಗಸು ವಾಪಸು ಬಂದಳು. ಖಲೀಲ್ ತನ್ನ ಫೋನಿನಿಂದ ಕರೆ ಹಚ್ಚುವುದು, ಸುಜಾತಾ ಗುಂಡಿ ಹುಡುಕಿ ಪಕ್ಕಕ್ಕೆ ಎಳೆಯುವುದು, ಸಿಗದಿದ್ದರೆ ಮತ್ತೆ ಹಚ್ಚುವುದು, ಹೀಗೆ ಕೈಗೆ ರೂಢಿ ಬರುವತನಕ ನಡೆಯಿತು. ಅಷ್ಟರಲ್ಲಿ ಹೊಸದರ ಸೆಟ್ಟಿಂಗುಗಳನ್ನು ಒಂದೊಂದಾಗಿ ಓದುತ್ತಿದ್ದ ಕಹಕಶಾನ್, "ಅರೆ, ಇಲ್ಲೊಂದು ನೋಡು. ಚಿತ್ರ ವಿವರಿಸು ಅಂತ ಅದ" ಅಂದಳು.

ಸುಜಾತಾಳ ಕಿವಿ ನೆಟ್ಟಗಾದವು. ಫೋನನ್ನು ಎದೆಮಟ್ಟಕ್ಕೆ ಹಿಡಿದು ಎದುರಿಗೆ ಒಂದು ಫೋಟೋ ಹೊಡೆದಳು. ಫೋನು ತುಸು ಯೋಚಿಸಿ ಹೇಳಿತು: "ಒಂದು ಅಂಗಡಿ. ಗಾಜಿನ ಕಪಾಟಿನ ಹಿಂದೆ ಗಡ್ಡ ಬಿಟ್ಟ ವ್ಯಕ್ತಿ ನಿಂತಿದ್ದಾನೆ. ಬಹುಶಃ ಅವನು ದಣಿದಿದ್ದಾನೆ."

ಅಂಗಡಿಯಲ್ಲಿದ್ದವರೆಲ್ಲ ಘೊಳ್ಳೆಂದರು. "ಇದನ್ನ ನನ್ನ ಹೆಂಡ್ತಿಗೆ ಕೇಳಿಸ್ಬೇಕ್ರಿ, ನಾ ಹೇಳಿದ್ರ ನಂಬಲ್ಲ" ಅಂದ ಖಲೀಲ್.

ಸುಜಾತಾ ಮಾತ್ರ ನಗಲಿಲ್ಲ. "ಖಲೀಲ್, ನಿಮಗ ಗಡ್ಡ ಅದ ಅಂತ ನನಗ ಗೊತ್ತೇ ಇರಲಿಲ್ಲ ನೋಡ್ರಿ" ಅಂದಳು. ಇಷ್ಟು ವರ್ಷದ ಪರಿಚಯದಲ್ಲಿ ಅದನ್ನು ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಖಲೀಲ್ ಗಡ್ಡ ನೀವಿಕೊಳ್ಳುತ್ತ, "ಇರ್ಲಿ ಬಿಡ್ರಿ, ಈಗ ಗೊತ್ತಾತಲ್ಲ" ಅಂದ.

ಹಳೆಯದಕ್ಕೆ ಹಿಂದಿರುಗುವ ಮಾತು ಅಲ್ಲಿಗೇ ನಿಂತಿತು. ವಾಪಸು ಬರುವ ಬಸ್ಸಿನಲ್ಲೇ ಸುಜಾತಾ ಫೋನಿನ ಕ್ಯಾಮೆರಾದಲ್ಲಿ ಕಿಟಕಿಯಾಚೆಯ ಹೊಲಗಳನ್ನು ಹಿಡಿದಳು, ಮುಂದಿನ ಸೀಟಿನವಳ ಜಡೆ ಹಿಡಿದಳು. ಮನೆಗೆ ಬಂದ ಮೇಲೆ ಬೆಕ್ಕು, ಕಿಟಕಿ, ಅಂಗಳ, ಒಣಹಾಕಿದ ಸೀರೆ, ಒಂದನ್ನೂ ಬಿಡಲಿಲ್ಲ. ಫೋನು ತಪ್ಪು ಹೇಳುವುದೂ ಇತ್ತು. ಜೋಳದ ರೊಟ್ಟಿಯ ಬುಟ್ಟಿ ತೋರಿಸಿದರೆ "ಬಹುಶಃ ಮಡಿಸಿಟ್ಟ ಬಿಳಿ ಬಟ್ಟೆ" ಅಂದಿತು. ಕಹಕಶಾನ್‌ಳನ್ನು ತೋರಿಸಿದರೆ "ಮಧ್ಯವಯಸ್ಕ ಮಹಿಳೆ" ಅಂದುಬಿಟ್ಟಿತು. ಅವಳು ಸಂಜೆತನಕ ಆ ಫೋನಿನ ಜೊತೆ ಮಾತು ಬಿಟ್ಟಿದ್ದಳು.

ಮಸರಕಲ್ಲಿನಿಂದ ತಿರುಗಿ ಬಂದ ಯಮನಮ್ಮನಿಗೂ ಫೋನಿಗೂ ಬಣ್ಣದ ವಿಷಯದಲ್ಲಿ ದಿನಾ ಜಗಳ. ಅದು "ಕಂದು ಬಣ್ಣದ ಬೆಕ್ಕು" ಅಂದರೆ ಯಮನಮ್ಮ, "ಕಂದು ಅಂದ್ರ ಎಂಥಾದು? ಕೆಂದ ಬೆಕ್ಕದು" ಅನ್ನುವಳು. ಶಾಲೆಯ ಮಕ್ಕಳ ಜೊತೆ ಹೊಳೆದಂಡೆಯ ಗೂಗಲ್ ಎಂಬ ಊರಿಗೆ ಹೋದಾಗ ಸುಜಾತಾ ಕೃಷ್ಣಾ ಹೊಳೆಯ ಫೋಟೋ ಹೊಡೆದು ತಂದಿದ್ದಳು. ಹೊಳೆ ಗಿಳಿಹಸರು ಅಂತ ತಾಯಿ ಮೊದಲಿಂದ ಹೇಳುತ್ತಿದ್ದಳು. ಫೋನು ಕೆಸರಿನ ಬಣ್ಣ ಅಂದಿತು.

"ಯಾರ ಮಾತು ಖರೆ ಬೇ ಯವ್ವಾ?"

"ಎರಡೂ ಖರೆ. ನಾ ಹೇಳಿದ್ದು ಬ್ಯಾಸಗಿ ಹೊಳಿ. ಅದು ನೋಡಿದ್ದು ಹೊಸಾ ನೀರು ಬಂದ ಹೊಳಿ. ಅದಕ್ಕೇನ್ ಗೊತ್ತು, ನಿನ್ನೆ ಮೊನ್ನೆ ಬಂದದ."

ಸುಜಾತಾಗೆ ಈ ಜಗಳದಲ್ಲಿ ಭಾರೀ ಖುಷಿ. ಇಷ್ಟು ದಿನ ಅವಳಿಗೆ ಲೋಕವನ್ನು ಹೇಳುವವಳು ಒಬ್ಬಳೇ ಇದ್ದಳು, ಈಗ ಇಬ್ಬರಾದರು. ಇಬ್ಬರ ಮಾತೂ ಬೇರೆ ಬೇರೆಯಾದಲ್ಲಿ ಕೇಳಲು ಇನ್ನಷ್ಟು ಪ್ರಶ್ನೆಗಳು ಹುಟ್ಟುತ್ತಿದ್ದವು.

ಹೊರಗಿನದೆಲ್ಲ ಮುಗಿದ ಮೇಲೆ ಒಂದು ದಿನ ಅವಳು ಪಡಸಾಲೆಯ ಗೋಡೆಗೆ ಬಂದಳು. ಅಲ್ಲಿ ಬಾಬಾಸಾಹೇಬರ ಫೋಟೋದ ಪಕ್ಕದಲ್ಲಿ ತಂದೆ ಕೃಷ್ಣನ ಫೋಟೋ. ಕೃಷ್ಣ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಸುಜಾತಾಗೆ ಐದು ತುಂಬುವ ಮೊದಲೇ ಕಾಮಾಲೆ ಆಗಿ ಹೋಗಿಬಿಟ್ಟ. ಇದ್ದದ್ದು ಅದೊಂದೇ ಫೋಟೋ. ಅದರ ಗಾಜನ್ನು ಎಷ್ಟೋ ಸಲ ಒರೆಸಿದ್ದಳು, ಕಟ್ಟಿನ ಒಂದು ಮೂಲೆ ಒಡೆದಿರುವುದೂ ಅವಳ ಬೆರಳಿಗೆ ಗೊತ್ತಿತ್ತು. ಫೋನನ್ನು ಅದರ ಮುಂದೆ ಹಿಡಿದಳು.

"ಬಣ್ಣ ಮಾಸಿದ ಹಳೆಯ ಚಿತ್ರ," ಫೋನು ಹೇಳಿತು. "ಬಿಳಿ ಅಂಗಿ ತೊಟ್ಟ ಯುವಕ ಸೈಕಲ್ ಹಿಡಿದು ನಿಂತಿದ್ದಾನೆ. ಸೈಕಲ್ಲಿನ ಮೇಲೆ ಚಡ್ಡಿ ತೊಟ್ಟ ಚಿಕ್ಕ ಹುಡುಗ ಕುಳಿತಿದ್ದಾನೆ. ಹುಡುಗ ಕ್ಯಾಮೆರಾ ಕಡೆ ನೋಡುತ್ತಿದ್ದಾನೆ."

ಹುಡುಗ? ಸುಜಾತಾ ಮತ್ತೊಮ್ಮೆ ಫೋಟೋ ಹೊಡೆದಳು. ಹುಡುಗ ಹಾಗೇ ಇದ್ದ. ಅವನಾರೆಂದು ಕೇಳಿದರೆ, ಚಿತ್ರದಲ್ಲಿರುವವರು ಯಾರೆಂದು ಹೇಳಲಾಗದು ಅಂದಿತು. ಎಲ್ಲರೂ ಆ ಫೋಟೋಕ್ಕೆ 'ನಿಮ್ಮಪ್ಪನ ಫೋಟೋ' ಅಂತಲೇ ಅನ್ನುತ್ತಿದ್ದದ್ದು. ಹುಡುಗನ ಮಾತು ಒಮ್ಮೆಯೂ ಬಂದಿರಲಿಲ್ಲ. ತನಗೊಬ್ಬ ಅಣ್ಣ ಇದ್ದನೇ? ಇದ್ದು ತೀರಿಕೊಂಡನೇ? ಹೆಸರೆತ್ತಿದರೆ ತಾಯಿ ಅಳುತ್ತಾಳೆಂದು ಊರವರೆಲ್ಲ ಬಾಯಿ ಮುಚ್ಚಿಕೊಂಡಿದ್ದರೇ? ಎಂಥದ್ದನ್ನೂ ತಟ್ಟನೆ ಕೇಳುವ ಸುಜಾತಾ ಇದನ್ನು ಮಾತ್ರ ನುಂಗಿಕೊಂಡಳು. ಶಾಲೆಯಲ್ಲಿ ಪಾಠ ಹೇಳುವಾಗಲೂ ಆ ಚಡ್ಡಿಯ ಹುಡುಗ ಸೈಕಲ್ ಮೇಲೆ ಕೂತೇ ಇದ್ದ.

ಕಡೆಗೆ ತಡೆಯಲಾಗಲಿಲ್ಲ. ಸಂಜೆ ಯಮನಮ್ಮ ರೊಟ್ಟಿ ಬಡಿಯುತ್ತಿದ್ದಾಗ ಹತ್ತಿರ ಹೋಗಿ ಕೂತಳು.

"ಯವ್ವಾ, ಅಪ್ಪನ ಫೋಟೋದಾಗ ಇರೋ ಹುಡುಗ ಯಾರು?"

ಬಡಿಯುವ ಸದ್ದು ನಿಂತಿತು. "ಯಾವ ಹುಡುಗ?"

"ಸೈಕಲ್ ಮ್ಯಾಲ ಕುಂತಾನಲ್ಲ. ಚಡ್ಡಿ ಹಾಕ್ಕೊಂಡಾನಂತ."

ಯಮನಮ್ಮ ನಗತೊಡಗಿದಳು. ನಕ್ಕು ನಕ್ಕು ಕೆಮ್ಮು ಬಂತು. "ಅಯ್ಯ ಇದರ ಕಣ್ಣಿಗೆ ಮಣ್ಣ ಹಾಕಾ! ಹುಡುಗ ಅಲ್ಲ ಯವ್ವಾ, ಅದು ನೀನ!"

"ನಾನಾ?"

"ಹ್ಞೂಂ. ತಲಿ ತುಂಬ ಹೇನಾಗಿದ್ವು, ನುಣ್ಣಗ ಬೋಳಿಸಿದ್ವಿ. ಮಾನ್ವಿಗೆ ಹೋಗೋವಾಗ ಬಸ್ಸಿನಾಗ ವಾಂತಿ ಮಾಡ್ಕೊಂಡು ಇದ್ದೊಂದು ಫ್ರಾಕು ಕೆಡಿಸಿದಿ. ನಿಮ್ಮಪ್ಪ ಅವತ್ತೇ ಫೋಟೋ ತೆಗಿಸ್ಬೇಕಂತ ಹಟ ಹಿಡಿದಿದ್ದ. ನಿಮ್ಮಪ್ಪನ ಗಿರಣ್ಯಾಗ ಇದ್ದ ಪಂಪಾಪತಿ ತನ್ನ ಮಗಂದು ಚಡ್ಡಿ ಕೊಟ್ಟ. ಫೋಟೋದಾತ ಕೀಲಿಗೊಂಚಲ ಜಣಜಣ ಅನ್ನಿಸಿ, ಇಲ್ಲಿ ನೋಡು ಪುಟ್ಟಿ ಅಂದ. ನೋಡಿದಿ."

"ನಾ ನೋಡಿದ್ನಾ?"

"ಪಿಳಿಪಿಳಿ ನೋಡಿದಿ. ದಡಾರ ಬಂದದ್ದು ಮುಂದಿನ ವರ್ಷ."

ಸುಜಾತಾ, "ಮತ್ತ ನನಗ್ಯಾಕ ಯಾರೂ ಹೇಳಲಿಲ್ಲ ಬೇ?" ಅಂದಳು.

"ಹೇಳೋದೇನದ? ಗೋಡಿ ಮ್ಯಾಲ ಎಲ್ಲಾರಿಗೂ ಕಾಣೋಹಂಗ..." ಎಂದ ಯಮನಮ್ಮನ ಮಾತು ಅರ್ಧಕ್ಕೇ ನಿಂತಿತು.

ತವೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಯಮನಮ್ಮ ಒಲೆ ಆರಿಸಿ, ಮಗಳ ಕೈ ಹಿಡಿದು ಪಡಸಾಲೆಗೆ ಕರೆತಂದಳು, ಫೋಟೋವನ್ನು ಗೋಡೆಯಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡಳು. ದಿನಾ ಕಾಣುವ ಫೋಟೋವನ್ನು ಅವಳೂ ನಿಗಾ ಇಟ್ಟು ನೋಡಿ ಎಷ್ಟು ಕಾಲವಾಗಿತ್ತೋ. ಮಗಳ ಬೆರಳನ್ನು ಗಾಜಿನ ಮೇಲೆ ಸರಿಸುತ್ತ ಹೇಳಿದಳು: ಇಲ್ಲಿ ನಿಮ್ಮಪ್ಪನ ಹಣಿ, ನಿನ್ನಂಗ ಅಗಲ. ಇಲ್ಲಿ ನಿನ್ನ ಬೋಳು ತಲಿ. ಇದು ಅವನ ಎಡಗೈ, ನೀ ಬೀಳಬಾರದಂತ ನಿನ್ನ ಕಂಕುಳದಾಗ ಹಾಕ್ಯಾನ ನೋಡು.

"ಕೈ ಮಾತು ಫೋನು ಹೇಳಲೇ ಇಲ್ಲ."

"ಅರ್ಧ ಸೈಕಲ್ ಹಿಂದ ಅದ, ಅದಕ್ಕ ಕಂಡಿಲ್ಲ. ನಾ ಅಲ್ಲೇ ನಿಂತಿದ್ನಲ್ಲ, ನನಗ ಗೊತ್ತದ."

ಚಡ್ಡಿಯ ಬಣ್ಣ ಯಾವುದು, ಸೈಕಲ್ ಯಾರದು, ತಾನು ಅತ್ತಿದ್ದೆನೋ ಇಲ್ಲವೋ, ಸುಜಾತಾಳ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ. ಯಮನಮ್ಮ ನೆನಪಿದ್ದಷ್ಟು ಹೇಳಿದಳು. ಅಂದು ರಾತ್ರಿ ಸೀದ ರೊಟ್ಟಿಯನ್ನೇ ಇಬ್ಬರೂ ತಿಂದರು.

ಮುಂದಿನ ವಾರ ಶಾಲೆಯಲ್ಲಿ ಕಹಕಶಾನ್ ಕೇಳಿದಳು, "ಈಗೇನು, ಹೊಸಾದು ಸೇರಿಕಿ ಆತೋ ಇಲ್ಲೋ?"

"ಫೋನ್ ಎತ್ತೋದು ಇನ್ನೂ ಸುಡುಗಾಡ ಆಗ್ಯಾದ. ಹಿಂದಕ್ಕ ಹೋಗು ಅಂದ್ರ ಹೊರಗ ಹೋಗ್ತದ. ಆ ಶುಭೋದಯದಾಕಿ ನಡುನಡುವ ಬರ್ತಾಳ" ಅಂದ ಸುಜಾತಾ, "ಇರ್ಲಿ. ಫೋನು ಹುಡುಗ ಅನ್ನದೆ ಹುಡುಗಿ ಅಂತ ಸರಿ ಹೇಳಿದ್ದರ ನಾ ಯವ್ವನ್ನ ಏನೂ ಕೇಳ್ತಿರಲಿಲ್ಲ ಅನಸ್ತದ" ಅಂದಳು.

ರಜೆ ಬಂದ ಕೂಡಲೇ ತಾಯಿ ಮಗಳು ಮಾನ್ವಿಯ ಬಸ್ಸು ಹತ್ತಿದರು. ಫೋಟೋ ತೆಗೆದ ಸ್ಟುಡಿಯೋ ಎಲ್ಲಿತ್ತೆಂದು ಯಮನಮ್ಮನಿಗೆ ಗುರುತು ಹತ್ತಲಿಲ್ಲ, ಆ ಸಾಲಿನಲ್ಲಿ ಎಲ್ಲ ಬಟ್ಟೆ ಅಂಗಡಿಗಳಾಗಿದ್ದವು. ಗಿರಣಿ ಮಾತ್ರ ಇದ್ದಲ್ಲೇ ಇತ್ತು. ಗೇಟಿನ ಬಳಿಯ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಮುದುಕನೇ ಪಂಪಾಪತಿ. ಹೊಟ್ಟಿನ ವಾಸನೆ, ಒಳಗೆ ಯಂತ್ರದ ಗುಡುಗು. ಯಮನಮ್ಮ ಹೆಸರು, ಮಗಳ ನೌಕರಿ ಎಲ್ಲ ಹೇಳಿದಾಗ ಮುದುಕನಿಗೆ ಗುರುತು ಹಿಡಿಯಲು ಹೊತ್ತು ಹಿಡಿಯಿತು. ಹಿಡಿದ ಮೇಲೆ ಎದ್ದು ನಿಂತು ಸುಜಾತಾಳ ಎರಡೂ ಕೈ ಹಿಡಿದುಕೊಂಡ.

"ಕೃಷ್ಣನ ಮಗಳೇನವಾ? ಟೀಚರ್ ಆಗೀದಿ?"

"ಹೌದ್ರಿ ಯಪ್ಪಾ. ಅಪ್ಪ ಹೆಂಗ ಕಾಣ್ತಿದ್ದ ಅಂತ ಈಗ ಗೊತ್ತಾಗ್ಯಾದ. ಹೆಂಗ ಮಾತಾಡ್ತಿದ್ದ, ಅದನ್ನ ಹೇಳ್ರಿ."

"ಮಾತು ಕಡಿಮಿ ಅವಂದು. ಆದ್ರ ಚೀಲ ಎತ್ತೋವಾಗ ಒಂದು ಕೂಗು ಹಾಕ್ತಿದ್ದ ನೋಡು, ರೋಡಿನ ತನಕ ಕೇಳಸ್ತಿತ್ತು" ಎಂದು ಪಂಪಾಪತಿ ಆ ಕೂಗನ್ನೇ ಹಾಕಿ ತೋರಿಸಲು ಗಂಟಲು ಸರಿಮಾಡಿಕೊಂಡ. ಒಳಗಿನ ಯಂತ್ರದ ಸದ್ದಿನಲ್ಲಿ ಮುದುಕನ ದನಿ ಮುಳುಗೀತೆಂದು ಸುಜಾತಾ ಇನ್ನೂ ಒಂದು ಹೆಜ್ಜೆ ಹತ್ತಿರ ಹೋಗಿ ನಿಂತಳು.