ವೈನಿಯ ತೂಗುಮಣೆಯಲ್ಲಿ ತೆಗೆಸಿಕೊಂಡ ಫೋಟೊ

ನಮ್ಮ ಪಡಸಾಲೆಯ ಗೋಡೆಗೆ ಹಾಕಿದ ಫೋಟೊದಲ್ಲಿ ನಾನು ಹಸಿರು ಸೀರೆ ಉಟ್ಟು ತೂಗುಮಣೆಯ ಮೇಲೆ ಕೂತಿದ್ದೇನೆ. ಹಿಂದೆ ನಿಮ್ಮ ಅಕ್ಕನೂ ಅವಳನ್ನು ಮದುವೆಯಾದ ಹುಡುಗನೂ ನಿಂತಿದ್ದಾರೆ. ಅಜ್ಜಿ ಹೀಗೆ ನಕ್ಕಿದ್ದನ್ನು ನಾವು ಯಾವತ್ತೂ ನೋಡಿರಲಿಲ್ಲ, ಮೊಮ್ಮಗಳ ಮದುವೆಯ ಸಂತೋಷ ಅದು ಎಂದು ಬಂದವರಿಗೆಲ್ಲ ತೋರಿಸುತ್ತೀರಿ. ಸಂತೋಷ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಆ ನಗು ಅದರದ್ದಲ್ಲ. ಎದುರಿಗೆ ಕೂತು ಹೇಳಲು ನನಗೆ ಆಗುವುದಿಲ್ಲ. ನಾಲ್ಕು ಜನ ನನ್ನ ಕಡೆ ನೋಡಿದರೆ ಎದ್ದು ಒಳಗೆ ಹೋಗಿಬಿಡುತ್ತೇನೆ. ಊರ ಸಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಮದುವೆಯಾಗಿ ಪುಣೆಗೆ ಬಂದಾಗ ನಿಮ್ಮ ಅಜ್ಜ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ವ್ಯಾಪಾರಿಯೊಬ್ಬರ ಹತ್ತಿರ ತೂಕದ ಕೆಲಸಕ್ಕಿದ್ದರು. ಪೇಟೆಯೊಳಗಿನ ಹಳೆಯ ವಾಡೆಯೊಂದರಲ್ಲಿ, ಅಂದರೆ ಅಂಗಳದ ಸುತ್ತ ಕಟ್ಟಿದ ದೊಡ್ಡ ಮನೆಯಲ್ಲಿ, ಹಿಂದಿನ ಖೋಲಿ ನಮ್ಮದು, ಬಾಡಿಗೆಯ ಒಂದೇ ಕೋಣೆ. ವಾಡೆಯ ಮಾಲಕರು ಬೆಳಗಾವಿ ಕಡೆಯವರು, ಮೂರು ತಲೆಮಾರಿನಿಂದ ಪುಣೆಯಲ್ಲಿದ್ದರೂ ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದರು. ನಮ್ಮ ಭಾಷೆಯವರು ಸಿಕ್ಕರಲ್ಲ ಎಂದು ನಾನು ಹಿಗ್ಗಿದ್ದೆ. ಮಾಲಕಿಯನ್ನು ವೈನಿ ಎಂದು ಕರೆದೆ, ಅಣ್ಣನ ಹೆಂಡತಿಯನ್ನು ಕರೆದ ಹಾಗೆ. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ‘ಹಿಂದಿನ ಖೋಲಿಯಾಕಿ’ ಎನ್ನುತ್ತಿದ್ದರು.

ವಾಡೆಯ ನಡುವೆ ಕಲ್ಲು ಹಾಸಿದ ಅಂಗಳ. ಅದಕ್ಕೆ ತೆರೆದುಕೊಂಡ ಪಡಸಾಲೆಯಲ್ಲಿ ಸಾಗವಾನಿ ಹಲಗೆಯ ತೂಗುಮಣೆ. ಅದರ ಹಿತ್ತಾಳೆಯ ಸರಪಳಿಯಲ್ಲಿ ಒಂದು ಕೊಂಡಿಗೆ ಗಿಳಿ, ಮುಂದಿನದಕ್ಕೆ ಆನೆ. ವೈನಿ ಮುಂಜಾನೆಯಿಂದ ಸಂಜೆಯವರೆಗೆ ಅದರಲ್ಲಿ ಕೂತು, ಒಂದು ಕಾಲಿನ ಹೆಬ್ಬೆರಳಿನಿಂದ ನೆಲ ಒತ್ತಿ ಮೆಲ್ಲಗೆ ತೂಗಿಕೊಳ್ಳುತ್ತ ಇಡೀ ವಾಡೆಯನ್ನು ಆಳುತ್ತಿದ್ದರು. ಬಾಡಿಗೆಯವರು ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ನಿಮ್ಮ ತಾಯಿ ಕೂಸಿದ್ದಾಗ ಒಮ್ಮೆ ಸರಪಳಿಯ ಗಿಳಿಯನ್ನು ಹಿಡಿದದ್ದಕ್ಕೆ ಬೆರಳಿನ ಮೇಲೆ ಏಟು ತಿಂದಿದ್ದಳು.

ನಿಮ್ಮ ಅಜ್ಜ ಒಂದು ಮಧ್ಯಾಹ್ನ ಚೀಲಗಳ ಮೇಲೆ ಎದೆ ಒತ್ತಿಕೊಂಡು ಕೂತವರು ಮತ್ತೆ ಏಳಲಿಲ್ಲ. ಊರಿನಲ್ಲಿ ಕರ್ಮ ಮುಗಿಸಿ ಮಗಳ ಕೈ ಹಿಡಿದು ವಾಡೆಗೆ ತಿರುಗಿ ಬಂದ ದಿನ, ವೈನಿ ತೂಗುಮಣೆಯಿಂದ ಏಳದೆಯೇ ಹೇಳಿದರು. “ಮುಂಜಾನೆದ್ದು ನಿನ್ನ ಮಾರಿ ನೋಡಿ ನಮ್ಮ ಯಜಮಾನರು ಹೊರಗ ಹೋಗೂದು ಬ್ಯಾಡ. ಹಿಂದ ಓಣಿ ಅದ ಅಲ್ಲ, ಅಲ್ಲಿಂದ ಓಡ್ಯಾಡು.”

ನಾನು ಹೂಂ ಎಂದೆ. ಅವತ್ತಿನಿಂದ ಮುಂದಿನ ಬಾಗಿಲು ನನಗೆ ಮುಚ್ಚಿತು. ಹಿಂದಿನ ಓಣಿಯಲ್ಲಿ ಗಟಾರ ಹರಿಯುತ್ತಿತ್ತು. ಮಳೆಗಾಲದಲ್ಲಿ ಸೀರೆ ಎತ್ತಿ ಹಿಡಿದು ದಾಟಬೇಕಿತ್ತು. ಜೋಳದ ರೊಟ್ಟಿ ಬಡಿದು ನಮ್ಮ ಕಡೆಯ ಹುಡುಗರು ಊಟ ಮಾಡುವ ಖಾನಾವಳಿಗೆ ಕೊಡುತ್ತಿದ್ದೆ. ಆ ರೊಟ್ಟಿಯ ಬುಟ್ಟಿ ತಲೆಯ ಮೇಲೆ ಹೊತ್ತು ಗಟಾರ ದಾಟುವಾಗಲೆಲ್ಲ ಆ ಹೆಬ್ಬೆರಳು ನೆಲ ಒತ್ತುವುದು ಕಣ್ಣ ಮುಂದೆ ಬರುತ್ತಿತ್ತು.

ಅಷ್ಟೇ ಆಗಿದ್ದರೆ ನುಂಗುತ್ತಿದ್ದೆನೇನೋ. ನಿಮ್ಮ ತಾಯಿಯ ನಿಶ್ಚಿತಾರ್ಥಕ್ಕೆ ಬೀಗರು ಬರುವವರಿದ್ದರು. ನಮ್ಮ ಖೋಲಿಯಲ್ಲಿ ಹತ್ತು ಮಂದಿ ಕೂಡುವಷ್ಟು ಜಾಗ ಇರಲಿಲ್ಲ. ವೈನಿಯನ್ನು ಅಂಗಳ ಕೇಳಿದೆ. ಕೊಟ್ಟರು, ಹೂವಿನ ತೋರಣವನ್ನೂ ಕಟ್ಟಿಸಿದರು. ಬೀಗರು ಒಳಗೆ ಬರುತ್ತಿದ್ದ ಹಾಗೆ ನನ್ನ ಕಡೆ ತಿರುಗಿ ಮೆಲ್ಲಗೆ, ನಯವಾಗಿ ಅಂದರು. “ಶುಭಕಾರ್ಯ ಅದ. ನೀ ಒಳಗಿರು. ನಿಮ್ಮ ಕಿಟಕಿಯಿಂದ ಛಲೋ ಕಾಣಸ್ತದ.”

ನನ್ನ ಮಗಳ ಉಡಿ ಅವರು ತುಂಬಿದರು. ಅವಳ ಹಣೆಗೆ ಕುಂಕುಮ ಅವರು ಹಚ್ಚಿದರು. ನಾನು ಹಿಂದಿನ ಖೋಲಿಯ ಕಿಟಕಿಯ ಸರಳು ಹಿಡಿದು ನೋಡಿದೆ. ಕೊನೆಗೆ ಫೋಟೊ ತೆಗೆಯುವವನು ಬಂದಾಗ ವೈನಿ ಗಿಳಿಹಸಿರು ರೇಷ್ಮೆ ಸೀರೆಯಲ್ಲಿ ತೂಗುಮಣೆಯ ನಟ್ಟನಡುವೆ ಕೂತರು. ನಿಮ್ಮ ತಾಯಿ ತಂದೆ ಅವರ ಹಿಂದೆ ನಿಂತರು. ಆ ದಿನದ್ದು ಅದೊಂದೇ ಫೋಟೊ. ಅದರಲ್ಲಿ ನಾನಿಲ್ಲ. ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಒಂದು ದಿನ ಮುಂದಿನ ಬಾಗಿಲಿನಿಂದ ಬಂದು ಆ ಹಲಗೆಯ ಮೇಲೆ ಅದೇ ಜಾಗದಲ್ಲಿ ಕೂಡಬೇಕು, ಅದನ್ನು ಅವರು ಕಣ್ಣಾರೆ ನೋಡಬೇಕು. ದೇವರ ಮುಂದೆ ಕೂತಾಗ ನಿಮಗೆಲ್ಲ ಆಯುಷ್ಯ ಬೇಡಿದ ಮೇಲೆ ಇದನ್ನೂ ಬೇಡುತ್ತಿದ್ದೆ. ವೈನಿಗೂ ಆಯುಷ್ಯ ಬೇಡುತ್ತಿದ್ದೆ. ಅವರು ಮೊದಲೇ ಸತ್ತುಹೋದರೆ ನನಗೇನು ಉಳಿಯುತ್ತದೆ?

ಆಮೇಲೆ ನಿಮ್ಮ ತಾಯಿ ತಂದೆ ಪುಣೆಯ ಅಂಚಿನ ಕಾತ್ರಜದಲ್ಲಿ ಮನೆ ಮಾಡಿ ನನ್ನನ್ನು ಕರೆದುಕೊಂಡು ಬಂದರು. ವಾಡೆಯ ಕಡೆ ಮತ್ತೆ ಹೋಗಲಿಲ್ಲ.

ನಿಮ್ಮ ಅಕ್ಕನ ಮದುವೆ ಗೊತ್ತಾದಾಗ, ಮದುವೆಗೆ ಮೊದಲೇ ಜೋಡಿಯಾಗಿ ಫೋಟೊ ತೆಗೆಸುವ ಮಾತು ಬಂತು. ನನಗೆ ಅದೊಂದು ಹೊಸ ಆಟವಾಗಿ ಕಂಡಿತ್ತು. ಅವಳು ಗೆಳತಿಯರು ತೆಗೆಸಿದ ಫೋಟೊಗಳನ್ನು ಮೊಬೈಲಿನಲ್ಲಿ ಒಂದೊಂದಾಗಿ ತೋರಿಸುತ್ತಿದ್ದಳು. ಒಂದರಲ್ಲಿ ಯಾರೋ ಹುಡುಗ ಹುಡುಗಿ ತೂಗುಮಣೆಯಲ್ಲಿ ಕೂತಿದ್ದರು. ದೊಡ್ಡದು ಮಾಡಿ ತೋರಿಸು ಎಂದೆ. ಸರಪಳಿಯಲ್ಲಿ ಗಿಳಿ, ಆನೆ, ಮತ್ತೆ ಗಿಳಿ. ವೈನಿಯ ಸೊಸೆ ಈಗ ಆ ವಾಡೆಯನ್ನು ಫೋಟೊದವರಿಗೆ ಬಾಡಿಗೆಗೆ ಕೊಡುತ್ತಾಳಂತೆ. ಮಾಲಕಿ ಮುದುಕಿ ಇನ್ನೂ ಇದ್ದಾಳೆ, ಬಂದವರನ್ನೆಲ್ಲ ಬೈಯುತ್ತಾಳೆ ಎಂದು ಗೆಳತಿ ಹೇಳಿದ್ದಳಂತೆ. ನಾನು ಮೊಬೈಲ್ ತಿರುಗಿ ಕೊಟ್ಟು ಅಡುಗೆಮನೆಗೆ ಹೋಗಿ ಎರಡು ಲೋಟ ನೀರು ಕುಡಿದೆ.

ಆದರೆ ನಿಮ್ಮ ಅಕ್ಕನ ಮನಸ್ಸಿನಲ್ಲಿ ಬೇರೆಯೇ ಇತ್ತು. ಇಂದಾಪುರದ ದಾರಿಯಲ್ಲಿ ಕಬ್ಬಿನ ಹೊಲದ ನಡುವೆ ಕೆಂಪು ಗೌನು ಹಾಕಿಕೊಂಡು ಓಡಬೇಕು, ಗೌನಿನ ಬಾಲ ಹಿಂದೆ ಹಾರಬೇಕು. ಅದಾಗದಿದ್ದರೆ ಕೋಟೆ. ಹುಡುಗ ಕರಾವಳಿಯ ಹೋಟೆಲಿನವರ ಮನೆಯವನು, ಒಳ್ಳೆಯವನು. “ಎಂತಕ್ಕೆ ಅಷ್ಟು ದೂರ ಮಾರಾಯ್ತಿ? ನಮ್ಮ ಹೋಟೆಲಲ್ಲೇ ತೆಗೆಯುವ, ನಡುವೆ ಹಸಿವಾದ್ರೆ ಬನ್ಸ್ ಆದ್ರೂ ಸಿಗ್ತದೆ” ಎಂದು ನಗಿಸಿದ.

ನಾನು ಜಗಳ ಮಾಡಲಿಲ್ಲ. ಮಾತಾಡದವಳು ಅಪರೂಪಕ್ಕೆ ಒಂದು ಮಾತಾಡಿದರೆ ಎಲ್ಲರೂ ಕೇಳುತ್ತಾರೆ. ಚಹಾ ಕೊಡುವಾಗ, ಕಬ್ಬಿನ ಗರಿ ಮೈ ಕೊಯ್ಯುತ್ತದೆ, ತುರಿಕೆ ಬೇಗ ಹೋಗುವುದಿಲ್ಲ, ಮದುವೆ ಹತ್ತಿರ ಬಂತಲ್ಲ ಎಂದಷ್ಟೇ ಹೇಳಿದೆ. ಕಬ್ಬು ಹೋಯಿತು. ಆ ಗೌನಿನ ಬಾಲ ಹೊತ್ತುಕೊಂಡು ಕೋಟೆಯ ಮೆಟ್ಟಿಲು ಹತ್ತುವವರು ಯಾರು ಎಂದು ನಿಮ್ಮ ತಾಯಿಯನ್ನು, ನಿಮ್ಮ ಅಕ್ಕನ ಕಿವಿಗೆ ಬೀಳುವ ಹಾಗೆ ಕೇಳಿದೆ. ಕೋಟೆಯೂ ಹೋಯಿತು. ಮಾರನೆಯ ದಿನ ಕಪಾಟು ಒರೆಸುವ ನೆಪದಲ್ಲಿ ಹಳೆಯ ಆಲ್ಬಮ್ ತೆಗೆದು, ನಿಮ್ಮ ತಾಯಿಯ ನಿಶ್ಚಿತಾರ್ಥದ ಪುಟ ತೆರೆದು ಟಿವಿಯ ಮುಂದೆ ಇಟ್ಟೆ.

ನಿಮ್ಮ ಅಕ್ಕ ನೋಡಿದಳು. ತೂಗುಮಣೆಯ ಗುರುತು ಹಿಡಿದಳು. ಅಮ್ಮನ ನಿಶ್ಚಯ ಆದದ್ದು ಅದೇ ವಾಡೆಯಲ್ಲೇ ಎಂದು ಕುಣಿದಳು. ಆಮೇಲೆ ನಡುವೆ ಕೂತವರ ಮೇಲೆ ಬೆರಳಿಟ್ಟು, “ಅಜ್ಜಿ, ಈಕಿ ಯಾರು? ನಿಮ್ಮತ್ತಿ ಏನು?” ಎಂದಳು.

“ಅಲ್ಲವ್ವ. ಮನೀ ಮಾಲಕಿ.”

“ಮತ್ತ ನೀ ಎಲ್ಲಿ?”

“ನಾ ಒಳಗ ಇದ್ದೆ.”

ಇದೇ ಫೋಟೊವನ್ನು ಮತ್ತೆ ತೆಗೆಸೋಣ, ಅಮ್ಮ ಅಪ್ಪ ನಿಂತಲ್ಲಿ ನಾವಿಬ್ಬರು ನಿಲ್ಲುತ್ತೇವೆ, ಮಾಲಕಿ ಕೂತಲ್ಲಿ ನೀನು ಕೂಡು, ಆಕೆ ಹಸಿರು ಉಟ್ಟಿದ್ದಾಳೆ, ನಿನಗೂ ಹಸಿರು ಸೀರೆ ತರೋಣ ಎಂದು ಅವಳೇ ಎಲ್ಲವನ್ನೂ ಗೊತ್ತು ಮಾಡಿದಳು. ಗಂಡ ಹೋದ ಮೇಲೆ ನಾನು ಹಸಿರು ಮುಟ್ಟಿರಲಿಲ್ಲ. ಆಗಲಿ ಎಂದೆ.

ನಿಮ್ಮ ತಾಯಿಗೆ ಮಾತ್ರ ನನ್ನ ಮನಸ್ಸು ತಿಳಿಯುತ್ತದೆ. ಅಡುಗೆಮನೆಗೆ ಬಂದು ದನಿ ತಗ್ಗಿಸಿ ಕೇಳಿದಳು. “ಅವ್ವಾ, ಏನು ನಡಸೀ ನೀ? ಅಕಿ ಇನ್ನೂ ಇದ್ದಾಳಂತ.”

“ಇರಲಿ. ಇರಬೇಕು” ಎಂದು ಹಿಟ್ಟು ನಾದಿದೆ.

ಆ ದಿನ ವಾಡೆಯ ಮುಂದಿನ ಬಾಗಿಲಿನಲ್ಲಿ ರಿಕ್ಷಾದಿಂದ ಇಳಿದೆ. ಹೊಸ್ತಿಲು ಈಗಲೂ ಮೊಣಕಾಲೆತ್ತರ. ಮರಾಠಿ ಮಾತಾಡುವ ಆ ಸೊಸೆ ಓಡಿ ಬಂದು, ನೋಡಿಕೊಂಡು ಬನ್ನಿ ಅಜ್ಜಿ ಎಂದು ಕೈ ಹಿಡಿದು ದಾಟಿಸಿದಳು. ನಾನು ಬಲಗಾಲಿಟ್ಟೆ. ತೂಗುಮಣೆ ಇತ್ತು. ಖಾಲಿ ಇತ್ತು. ಅತ್ತೆಯವರು ಎಲ್ಲಿ ಎಂದು ಕೇಳಿದರೆ, ಗಿರಾಕಿಗಳ ನಡುವೆ ಬಂದು ಕೂಗಾಡುತ್ತಾರೆ, ಅದಕ್ಕೆ ಫೋಟೊದವರು ಬಂದಾಗ ಹಿಂದಿನ ಖೋಲಿಯಲ್ಲಿ ಕೂಡಿಸುತ್ತೇವೆ ಎಂದಳು.

ನನ್ನ ಕೈಯ ತುತ್ತನ್ನು ಯಾರೋ ಕಸಿದುಕೊಂಡ ಹಾಗಾಯಿತು. ಇಷ್ಟು ವರ್ಷ ನಾನು ಕಂಡ ಕನಸಿನಲ್ಲಿ ಅವರನ್ನು ಆ ಹಲಗೆಯಿಂದ ಎಬ್ಬಿಸುವವಳು ನಾನಾಗಿದ್ದೆ. ಇಲ್ಲಿ ಸೊಸೆ ಮೊದಲೇ ಎಬ್ಬಿಸಿಬಿಟ್ಟಿದ್ದಾಳೆ.

ಎಲ್ಲರೂ ದೀಪ ಹಚ್ಚಿಡುವ ಗಡಿಬಿಡಿಯಲ್ಲಿದ್ದಾಗ ನಾನು ಹಿಂದಕ್ಕೆ ಹೋದೆ. ನಾನು ರೊಟ್ಟಿ ಬಡಿಯುತ್ತಿದ್ದ ಮೂಲೆಯಲ್ಲಿ ಕಬ್ಬಿಣದ ಮಂಚ, ಅದರ ಮೇಲೆ ವೈನಿ. ಕೂದಲು ಉದುರಿ, ಮೈ ಕುಗ್ಗಿ, ಮಂಚದ ಅರ್ಧವೂ ತುಂಬಿರಲಿಲ್ಲ. ಅವರು ಆಗ ನೀರು ಕೇಳಿದ್ದರೆ ನಾನು ಕೊಟ್ಟು ಬರಿಗೈಯಲ್ಲಿ ಮನೆಗೆ ಬರುತ್ತಿದ್ದೆ. ದೇವರು ದೊಡ್ಡವನು, ಅವರು ನೀರು ಕೇಳಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕಣ್ಣು ಮೊದಲಿನವೇ.

“ಹಿಂದಿನ ಖೋಲಿಯಾಕಿ ಅಲ್ಲೇನು ನೀ? ಹಸರ ಉಟ್ಟಿ? ಏನಿದು ಸೋಗು?”

“ಮೊಮ್ಮಗಳು ಉಡಿಸ್ಯಾಳ್ರಿ.”

“ಹಿಂದಿನ ಓಣಿ ಬಂದ್ ಮಾಡ್ಯಾರಲ್ಲ. ಎಲ್ಲಿಂದ ಬಂದಿ?”

“ಮುಂದಿನ ಬಾಗಲದಿಂದ್ರಿ ವೈನಿ.”

“ಯಾರು ಬಿಟ್ಟರು?”

“ನಿಮ್ಮ ಸೊಸಿ. ಕೈ ಹಿಡಿದು ಕರಕೊಂಡರು.”

ಆಗ ನಾನು ಕಿಟಕಿಯ ಹತ್ತಿರ ಹೋದೆ. ಅಗಳಿ ಜಂಗು ಹಿಡಿದಿತ್ತು. ಅದನ್ನು ಹೇಗೆ ಎತ್ತಿ ಎಳೆಯಬೇಕು ಎಂಬುದು ನನ್ನ ಕೈಗೆ ಮರೆತಿರಲಿಲ್ಲ. ಎರಡೂ ಕದ ತೆರೆದೆ. ಅಂಗಳ, ಪಡಸಾಲೆ, ದೀಪದ ಬೆಳಕಿನಲ್ಲಿ ತೂಗುಮಣೆ ಎಲ್ಲ ಎದುರಿಗೇ ಬಂದವು.

“ಶುಭಕಾರ್ಯ ಅದರಿ ವೈನಿ. ನೀವು ಒಳಗಿರ್ರಿ. ಇಲ್ಲಿಂದ ಛಲೋ ಕಾಣಸ್ತದ” ಎಂದೆ.

ಅವರಿಗೆ ಎಲ್ಲ ನೆನಪಾಯಿತು. ಮುಖ ನೋಡಿ ತಿಳಿಯಿತು. ನನಗೆ ಕರುಣೆ ಬಂತೆಂದು ಬರೆದರೆ ನೀವು ನನ್ನನ್ನು ಇನ್ನೂ ಒಳ್ಳೆಯವಳೆಂದು ತಿಳಿಯುತ್ತೀರಿ. ಕರುಣೆ ಬರಲಿಲ್ಲ.

ಹೊರಗೆ ಬಂದು ಹಲಗೆಯ ನಟ್ಟನಡುವೆ ಕೂತೆ. ಫೋಟೊ ತೆಗೆಯುವ ಹುಡುಗಿಗೆ ಮುಂಚೆ ಹೇಳಿದ್ದು ಮರೆತಿತ್ತೋ ಏನೋ. ಮೊದಲು ಜೋಡಿಯದು ತೆಗೆಯೋಣ, ಬೆಳಕು ಹೋಗುತ್ತದೆ, ದೊಡ್ಡವರದು ಆಮೇಲೆ ನೋಡೋಣ ಎಂದು ಕೈಯಿಂದ ನನ್ನನ್ನು ಬದಿಗೆ ಸರಿಸುವ ಸನ್ನೆ ಮಾಡಿದಳು. “ಆಜೀ, ಜರಾ ಬಾಜೂಲಾ.”

ಎಲ್ಲರೂ ನನ್ನ ಕಡೆ ನೋಡಿದರು. ಕಾಲು ತಾನಾಗಿಯೇ ಏಳಲು ಹೊರಟಿತು. ನನ್ನ ಕಾಲಿಗೆ ಅದೇ ರೂಢಿ. ಕಿಟಕಿಯ ಕಡೆ ನೋಡಿದೆ. ವೈನಿ ಮಂಚದಿಂದ ಎದ್ದು ಸರಳು ಹಿಡಿದು ನಿಂತಿದ್ದರು. ಅವರೂ ಅದನ್ನೇ ಕಾಯುತ್ತಿದ್ದರು, ಈಕೆ ಈಗ ಏಳುತ್ತಾಳೆ ಎಂದು.

“ನಾ ಏಳೂದಿಲ್ಲ” ಎಂದೆ. ನನ್ನ ದನಿ ಅಂಗಳದ ಕಲ್ಲಿಗೆ ಬಡಿದು ತಿರುಗಿ ನನಗೇ ಕೇಳಿಸಿತು.

ಆ ಹುಡುಗಿಗೆ ಕನ್ನಡ ಬರದಿದ್ದರೂ ತಿಳಿಯಿತು. ಹುಡುಗ ನಕ್ಕು, “ಅಜ್ಜಿ ಕೂತಾಯ್ತಲ್ಲ, ಇನ್ನೆಂತ ಬೆಳಕು?” ಎಂದು ನಿಮ್ಮ ಅಕ್ಕನನ್ನು ಎಳೆದುಕೊಂಡು ಬಂದು ನನ್ನ ಹಿಂದೆ ನಿಂತ. ನಾನು ಹೆಬ್ಬೆರಳಿನಿಂದ ನೆಲ ಒತ್ತಿದೆ. ಹಲಗೆ ತೂಗಿತು. ಕ್ಯಾಮೆರಾ ನೋಡು ಅಜ್ಜಿ ಎಂದು ನಿಮ್ಮ ಅಕ್ಕ ಹೇಳುತ್ತಲೇ ಇದ್ದಳು. ಫೋಟೊವನ್ನು ಸರಿಯಾಗಿ ನೋಡಿ, ನನ್ನ ಕಣ್ಣು ಕ್ಯಾಮೆರಾದ ಕಡೆ ಇಲ್ಲ. ಕಿಟಕಿಯ ಕಡೆ ಇದೆ. ನಗು ಅಲ್ಲಿಗೆ.

ಮದುವೆ ಮುಗಿದ ಮೇಲೆ ವಾಡೆಯ ಸೊಸೆ ಫೋನು ಮಾಡಿದ್ದಳು. ಬರುವ ಗಿರಾಕಿಗಳಿಗೆ ತೋರಿಸಲು ಮುಂದಿನ ಬಾಗಿಲಿನ ಒಳಗೆ ಒಂದು ದೊಡ್ಡ ಫೋಟೊ ಹಾಕಬೇಕಂತೆ, ನಿಮ್ಮದು ಯಾವುದಾದರೂ ಕೊಡುತ್ತೀರಾ ಎಂದು ಕೇಳಿದಳು. ನಿಮ್ಮ ಅಕ್ಕ ಜೋಡಿಯ ಫೋಟೊ ಕಳಿಸಲು ಹೊರಟಿದ್ದಳು. ನಾನು ಅವಳ ಮೊಬೈಲಿನಲ್ಲಿ ತೂಗುಮಣೆಯ ಈ ಫೋಟೊದ ಮೇಲೆ ಬೆರಳಿಟ್ಟು, ಇದನ್ನು ಕಳಿಸು ಎಂದೆ. ಈಗ ಅದು ಅಲ್ಲಿದೆ. ಹಿಂದಿನ ಓಣಿ ಮುಚ್ಚಿದ್ದಾರೆ, ವೈನಿಯನ್ನು ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಬೇಕೆಂದರೆ ಮುಂದಿನ ಬಾಗಿಲೊಂದೇ ದಾರಿ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅವರು ನನ್ನ ಮಾರಿ ನೋಡಬೇಕು.

ಆ ಸೊಸೆ ಎಂದಾದರೂ ಫೋಟೊ ಬದಲಿಸುತ್ತೇನೆಂದು ಕೇಳಿದರೆ, ವೈನಿ ಇರುವವರೆಗೆ ಬೇಡ ಎನ್ನಿ. ನಾನು ಇಲ್ಲದಿದ್ದರೂ ಹಾಗೇ ಎನ್ನಿ.